ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಮುಸ್ಲಿಂ ಒಕ್ಕಲುಗಳು: ಬದುಕು, ಭೂಮಿ, ಪ್ರಯಾಣ

‘ಬ್ಯಾರಿ’ ಎಂಬ ಹೆಸರು ತುಳುವಿನ ‘ಬ್ಯಾರ’ ಎಂಬ ಪದದಿಂದ, ಅಂದರೆ ವ್ಯಾಪಾರದಿಂದ ಬಂದಿತೆಂಬ ವಿವರಣೆಯನ್ನು ನಾವೆಲ್ಲರೂ ಕೇಳಿ ಬೆಳೆದಿದ್ದೇವೆ. ಸಮುದಾಯದ ಇತಿಹಾಸವೆಂದಾಗ ಅರಬಿ ಹಡಗುಗಳು, ಮಂಗಳೂರಿನ ಬಂದರು, ಕರಿಮೆಣಸು, ಜವಳಿ ಇವೇ ಕಣ್ಣ ಮುಂದೆ ನಿಲ್ಲುತ್ತವೆ. ಆದರೆ ಕರಾವಳಿಯಿಂದ ಘಟ್ಟದ ಬುಡದವರೆಗಿನ ಬೈಲುಗಳಲ್ಲಿ ಕೆಸರು ತುಳಿದು, ನೇಜಿ ನೆಟ್ಟು, ಧಣಿಯ ಮನೆಗೆ ಗೇಣಿ ಅಕ್ಕಿ ಹೊತ್ತ ಸಾವಿರಾರು ಬ್ಯಾರಿ ಕುಟುಂಬಗಳೂ ಇದ್ದವು. ಹಡಗಿನವರ ಇತಿಹಾಸ ಬರೆಯಲ್ಪಟ್ಟಿತು. ಬೈಲಿನವರ ಇತಿಹಾಸವು ಗೇಣಿಚೀಟು, ಪಹಣಿ, ಮತ್ತು ಈಗ ಒಬ್ಬೊಬ್ಬರಾಗಿ ಅಗಲುತ್ತಿರುವ ಹಿರಿಯರ ನೆನಪು ಇವುಗಳಲ್ಲಿ ಮಾತ್ರ ಉಳಿದುಕೊಂಡಿದೆ. ಬಂಟ್ವಾಳ, ಬೆಳ್ತಂಗಡಿ ಮತ್ತು ಮೂಡುಬಿದಿರೆಗಳ ನಡುವಿನ ತ್ರಿಕೋನಾಕಾರದ ಸೀಮೆಯನ್ನು ಎದುರಿಗಿಟ್ಟುಕೊಂಡು ಆ ಬದುಕನ್ನು ನೋಡುವುದು ಇಲ್ಲಿ ನಮ್ಮ ಉದ್ದೇಶ.

ತುಳುನಾಡಿನ ಹಳ್ಳಿಯನ್ನು ಬಯಲುಸೀಮೆಯ ಹಳ್ಳಿಯಂತೆ ಕಲ್ಪಿಸಿಕೊಳ್ಳಬಾರದು. ಇಲ್ಲಿ ಒತ್ತೊತ್ತಾದ ಮನೆಗಳಾಗಲಿ, ಊರ ನಡುವಿನ ಬೀದಿಯಾಗಲಿ ಇರಲಿಲ್ಲ. ಒಂದು ಬೈಲು, ಅದರ ಅಂಚಿನಲ್ಲಿ ಒಂದೋ ಎರಡೋ ಮನೆ, ಮಧ್ಯೆ ಗುಡ್ಡ, ಆಚೆಗೆ ಮತ್ತೊಂದು ಬೈಲು. ತಗ್ಗಿನ ಬೈಲು ಗದ್ದೆಯಲ್ಲಿ ನೀರಿದ್ದರೆ ಏಣೆಲು, ಸುಗ್ಗಿ, ಕೊಳಕೆ ಎಂಬ ಮೂರು ಬೆಳೆ; ಮಜಲು ಗದ್ದೆಯಲ್ಲಿ ಎರಡು; ಬೆಟ್ಟು ಗದ್ದೆಯಲ್ಲಿ ಮಳೆಯನ್ನೇ ನಂಬಿದ ಒಂದು. ಬೈಲು ಗದ್ದೆ ಯಾರ ಪಾಲಿಗೆ, ಬೆಟ್ಟು ಯಾರ ಪಾಲಿಗೆ ಎಂಬುದರಲ್ಲೇ ಊರಿನ ಅಂತಸ್ತು ಅಡಗಿತ್ತು. ನಮ್ಮವರಿಗೆ ದೊರೆತದ್ದು ಹೆಚ್ಚಾಗಿ ಬೆಟ್ಟು ಮತ್ತು ಮಜಲು.

ಹೀಗೆ ಚದುರಿದ ಮನೆಗಳ ನಾಡಿನಲ್ಲಿ ದೀನಿನ ಬದುಕಿಗೂ ಒಂದು ವಿಶೇಷ ಕಷ್ಟವಿತ್ತು. ನಾವು ಅನುಸರಿಸುವ ಶಾಫಿಈ ಮದ್‌ಹಬ್‌ನಲ್ಲಿ ಜುಮುಆ ಸಿಂಧುವಾಗಲು ಸ್ಥಳೀಯರಾದ 40 ಮಂದಿ ಪುರುಷರು ಸೇರಬೇಕು. ಒಂದೊಂದು ಬೈಲಿಗೆ ಒಂದೆರಡು ಮುಸ್ಲಿಂ ಮನೆಗಳಿರುವಲ್ಲಿ 40 ಜನರನ್ನು ಎಲ್ಲಿಂದ ತರುವುದು? ಆದುದರಿಂದ ಶುಕ್ರವಾರವೆಂದರೆ ಪ್ರಯಾಣದ ದಿನ. ಸುಬ್‌ಹಿಯ ನಂತರ ದನಗಳಿಗೆ ಹುಲ್ಲು ಹಾಕಿ, ಒಗೆದ ಮುಂಡನ್ನು ಕಂಕುಳಲ್ಲಿಟ್ಟುಕೊಂಡು, ಗದ್ದೆಯ ಹುಣಿಯ ಮೇಲೆ ನಡೆದು, ತೋಡಿಗೆ ಅಡ್ಡಹಾಕಿದ ಅಡಿಕೆ ಮರದ ಸಂಕ ದಾಟಿ, ಎರಡು ಮೂರು ಗುಡ್ಡಗಳಾಚೆಯ ಪಳ್ಳಿಯನ್ನು ಮುಟ್ಟಬೇಕು. ಮುಂಡು ಉಡುವುದು ಪಳ್ಳಿಯ ಕೆರೆಯ ಬಳಿಯಲ್ಲೇ. ಮನೆಯಿಂದಲೇ ಉಟ್ಟು ಹೊರಟವನ ಮುಂಡಿನಲ್ಲಿ ಕೆಸರಿರುತ್ತಿತ್ತು. ಮರಳುವಾಗ ಕತ್ತಲಾದರೆ ತೆಂಗಿನ ಗರಿಯ ತೂಟೆ. ಇಂದು ಪ್ರತಿ ತಿರುವಿನಲ್ಲೂ ಮಿನಾರ ಕಾಣುವಾಗ, ಒಂದು ಜಮಾಅತಿಗಾಗಿ ಅಜ್ಜಂದಿರು ಸವೆಸಿದ ದಾರಿಯನ್ನು ಅಂದಾಜಿಸುವುದು ಸುಲಭವಲ್ಲ.

ಸೀಮೆಯ ಹೆಬ್ಬಾಗಿಲು ಬಂಟ್ವಾಳ. ನೇತ್ರಾವತಿಯಲ್ಲಿ ಮಂಗಳೂರಿನಿಂದ ದೋಣಿಗಳು ಇಲ್ಲಿಗೆ ಬರುತ್ತಿದ್ದವು. ಘಟ್ಟದಿಂದಿಳಿದ ಸರಕು ಇಲ್ಲಿ ದೋಣಿ ಸೇರುತ್ತಿತ್ತು. ಕೆಳಕ್ಕೆ ಅಕ್ಕಿ, ಅಡಿಕೆ, ಮೆಣಸು. ಮೇಲಕ್ಕೆ ಉಪ್ಪು, ಒಣಮೀನು, ಬಟ್ಟೆ. ಒಳನಾಡಿನ ಬ್ಯಾರಿಯೊಬ್ಬನು ಮಳೆಗಾಲದಲ್ಲಿ ಒಕ್ಕಲು, ಬೇಸಿಗೆಯಲ್ಲಿ ತಲೆಹೊರೆಯ ವ್ಯಾಪಾರಿ. ವ್ಯಾಪಾರಿ ಮತ್ತು ಕೃಷಿಕ ಎಂದು ನಾವು ಎಳೆಯುವ ಗೆರೆ ಅವನಿಗೆ ತಿಳಿದೇ ಇರಲಿಲ್ಲ. ಬೆಳ್ತಂಗಡಿಯಿಂದ ಗುರುವಾಯನಕೆರೆ, ಪುಂಜಾಲಕಟ್ಟೆಗಳ ಮೇಲೆ ಬಂಟ್ವಾಳಕ್ಕೆ, ಅಲ್ಲಿಂದ ಮಂಗಳೂರಿಗೆ ಸುಮಾರು 60 ಕಿ.ಮೀ. ನಡೆದು ಹೋದವರೂ ನಮಾಝನ್ನು ಕಸ್ರ್ ಮಾಡುವಂತಿರಲಿಲ್ಲ. ಫಿಕ್‌ಹ್‌ನ ಎರಡು ಮರ್‌ಹಲಾದ ದೂರ ಅದರಿಂದ ತುಂಬುತ್ತಿರಲಿಲ್ಲ. ಕಾಲು ಸವೆದರೂ ಮುಸಾಫಿರ್ ಎನಿಸದ ಪ್ರಯಾಣ!

1801ರಲ್ಲಿ ಗವರ್ನರ್ ಜನರಲ್ ವೆಲ್ಲೆಸ್ಲಿಯ ಆದೇಶದಂತೆ ಫ್ರಾನ್ಸಿಸ್ ಬುಕನನ್ ಎಂಬ ವೈದ್ಯನು ಇದೇ ದಾರಿಯಲ್ಲಿ ಬಂದನು. ಬಂಟ್ವಾಳ, ಬೆಳ್ತಂಗಡಿ, 1794ರಲ್ಲಿ ಟಿಪ್ಪು ಸುಲ್ತಾನರು ಕಟ್ಟಿಸಿದ ಜಮಾಲಾಬಾದ್ ಕೋಟೆ, ಅಲ್ಲಿಂದ ಮೂಡುಬಿದಿರೆ, ಮುಂದೆ ಕಾರ್ಕಳ. ಹೋದಲ್ಲೆಲ್ಲ ಅವನು ವಿಚಾರಿಸಿದ್ದು ಭೂಮಿ ಯಾರದು, ಗೇಣಿ ಎಷ್ಟು, ಕಂದಾಯ ಎಷ್ಟು ಎಂಬುದನ್ನೇ. 1807ರಲ್ಲಿ ಲಂಡನ್ನಿನಲ್ಲಿ ಅವನ ಪ್ರವಾಸಕಥನ ಮೂರು ಸಂಪುಟಗಳಲ್ಲಿ ಪ್ರಕಟವಾಯಿತು. ನೂರು ವರ್ಷಗಳ ಮೇಲೆ, 1914ರಲ್ಲಿ, ಮಂಗಳೂರಿನಲ್ಲಿ ಸಿ.ಪಿ.ಸಿ. ಎಂದೇ ಪ್ರಸಿದ್ಧವಾದ ಕೆನರಾ ಪಬ್ಲಿಕ್ ಕನ್ವೇಯನ್ಸ್ ಕಂಪೆನಿ ಸ್ಥಾಪನೆಯಾದ ಬಳಿಕ ಕ್ರಮೇಣ ಬಸ್ಸುಗಳು ಬಂದವು, ದೋಣಿಯ ದಾರಿ ಸೊರಗಿತು.

ಇನ್ನು ಭೂಮಿಯ ವಿಷಯ. ಸರಕಾರಕ್ಕೆ ತೀರ್ವೆ ಕಟ್ಟುವವನು ವರ್ಗದಾರ. ಬಂಗ, ಅಜಿಲ, ಚೌಟ ಮುಂತಾದ ಹಳೆಯ ಜೈನ ಅರಸು ಮನೆತನಗಳು, ಬಂಟರ ಗುತ್ತುಮನೆಗಳು, ಬ್ರಾಹ್ಮಣರು, ಬಸದಿ ಮತ್ತು ದೇವಸ್ಥಾನಗಳು ಈ ಸೀಮೆಯ ದೊಡ್ಡ ಭೂಹಿಡುವಳಿದಾರರಾಗಿದ್ದರು. ಅವರ ಕೆಳಗೆ ಎರಡು ಬಗೆಯ ಒಕ್ಕಲು. ಮೂಲಗೇಣಿದಾರನಿಗೆ ಶಾಶ್ವತ ಹಕ್ಕು, ಗೇಣಿ ಏರುವಂತಿಲ್ಲ. ಚಾಲಗೇಣಿದಾರನು ಧಣಿಯ ಇಷ್ಟವಿರುವವರೆಗೆ ಮಾತ್ರ. ನಮ್ಮವರಲ್ಲಿ ಮೂಲಗೇಣಿ ಹೊಂದಿದ್ದವರು ಇಲ್ಲವೆಂದಲ್ಲ, ಆದರೆ ಹೆಚ್ಚಿನವರು ಚಾಲಗೇಣಿಯವರು, ಅದೂ ಬಾಯಿಮಾತಿನಲ್ಲಿ. ಗೇಣಿಯನ್ನು ಅಳೆಯುತ್ತಿದ್ದುದು ಮುಡಿಯಲ್ಲಿ; ಬೈಹುಲ್ಲಿನಿಂದ ಬಿಗಿದು ಕಟ್ಟಿದ ಒಂದು ಮುಡಿಗೆ ಮೂರು ಕಳಸಿಗೆ, 42 ಸೇರು ಅಕ್ಕಿ. ಅದರ ಜೊತೆಗೆ ಹಬ್ಬಕ್ಕೆ ಬಾಳೆಗೊನೆ, ಸೌತೆ, ಬುಳೆಕಾಣಿಕೆ. ಬೆಳೆ ನೆರೆಗೆ ಹೋದರೂ ಗೊತ್ತುಪಡಿಸಿದ ಮುಡಿ ಕಡಿಮೆಯಾಗುತ್ತಿರಲಿಲ್ಲ. ಪ್ರವಾದಿವರ್ಯರು(ಸ) ಖೈಬರಿನ ಭೂಮಿಯನ್ನು ಅಲ್ಲಿನವರಿಗೇ ಸಾಗುವಳಿಗೆ ಬಿಟ್ಟಾಗ ಫಸಲಿನ ಅರ್ಧಪಾಲೆಂದು ಗೊತ್ತುಪಡಿಸಿದ್ದರೆಂಬುದನ್ನು ನಾವು ಸೀರಾದಲ್ಲಿ ಓದುತ್ತೇವೆ. ಬಂದ ಬೆಳೆಯಲ್ಲಿ ಪಾಲು ಎಂಬುದಕ್ಕೂ ಬರಲಿ ಬಾರದಿರಲಿ ಇಷ್ಟು ಮುಡಿ ಎಂಬುದಕ್ಕೂ ಇರುವ ಅಂತರವನ್ನು ಒಕ್ಕಲಿನ ಮನೆಯ ತಾಯಂದಿರು ಆಟಿ ತಿಂಗಳಲ್ಲಿ ಅನುಭವಿಸಿ ಬಲ್ಲವರು. ಹಾಗೆಂದು ಧಣಿಗಳೆಲ್ಲರನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ನ್ಯಾಯವಲ್ಲ. ಪಳ್ಳಿಗೆ ನೆಲ ಬಿಟ್ಟುಕೊಟ್ಟವರು, ಬರದ ವರ್ಷ ಗೇಣಿ ಮನ್ನಾ ಮಾಡಿದವರು ಅವರಲ್ಲಿದ್ದರು.

ಇಲ್ಲೊಂದು ವಿಚಿತ್ರವನ್ನು ಗಮನಿಸಬೇಕು. ಧಣಿಯ ಮನೆಯಲ್ಲಿ ಸಾಮಾನ್ಯವಾಗಿ ಅಳಿಯಸಂತಾನ ಕಟ್ಟು. ಅಲ್ಲಿ ಆಸ್ತಿಯು ಹೆಣ್ಣಿನ ಸಂತತಿಯಲ್ಲಿ ಹರಿಯುತ್ತಿತ್ತು. ಮಗನಿಗಲ್ಲ, ಸೋದರಳಿಯನಿಗೆ ಯಜಮಾನಿಕೆ. ಒಕ್ಕಲಿನ ಮನೆಯಲ್ಲಿ ಸೂರಃ ಅನ್ನಿಸಾದ ನಿಯಮ, ಅದರಂತೆ ಮಗಳಿಗೆ ಮಗನ ಅರ್ಧದಷ್ಟು ಪಾಲು ಖಚಿತ. ಅಂದರೆ ಬೈಲಿನ ಎರಡೂ ದಂಡೆಗಳಲ್ಲಿ, ಎರಡು ಬೇರೆ ಕಾನೂನುಗಳಿಂದ, ಹೆಣ್ಣಿಗೆ ನೆಲದಲ್ಲಿ ಸ್ಥಾನವಿತ್ತು. ಆದರೂ ನಮ್ಮ ದಂಡೆಯಲ್ಲಿ ಅದು ಕಿತಾಬಿನಲ್ಲೇ ಉಳಿಯಿತು.

ಇದೇ ಪ್ರಶ್ನೆಯನ್ನು ಎದುರಿಸಿದ ಇನ್ನೊಂದು ಕೃಷಿಕ ಮುಸ್ಲಿಂ ಸಮಾಜ ಇಂಡೋನೇಷ್ಯಾದ್ದು. ನಮಗೆ ಅದು ಅಷ್ಟೇನೂ ಅಪರಿಚಿತವಲ್ಲ. 1340ರ ದಶಕದಲ್ಲಿ ಮಂಗಳೂರಿಗೆ ಬಂದು ಇಲ್ಲಿನ ಶಾಫಿಈ ಕಾಝಿ ಬದ್ರುದ್ದೀನರನ್ನು ಕಂಡ ಇಬ್ನ್ ಬತೂತಾ ಕೆಲವೇ ವರ್ಷಗಳಲ್ಲಿ ಸುಮಾತ್ರಾದ ಸುಲ್ತಾನನ ಆಸ್ಥಾನದಲ್ಲೂ ಅದೇ ಮದ್‌ಹಬ್ಬನ್ನು ಕಂಡನು. ಪೊನ್ನಾನಿಯ ಝೈನುದ್ದೀನ್ ಮಖ್ದೂಮರು 16ನೇ ಶತಮಾನದಲ್ಲಿ ಬರೆದ ‘ಫತ್‌ಹುಲ್ ಮುಈನ್’ ನಮ್ಮ ದರ್ಸ್‌ಗಳಲ್ಲೂ ಜಾವಾದ ಪೆಸಾಂತ್ರೆನ್‌ಗಳಲ್ಲೂ ಇಂದಿಗೂ ಪಾಠವಾಗುತ್ತದೆ. ಆ ಸುಮಾತ್ರಾದ ಮಿನಾಂಗ್‌ಕಬಾವು ಮುಸ್ಲಿಮರಲ್ಲಿ ಗದ್ದೆ ಮತ್ತು ಮನೆ ತಾಯಿಯಿಂದ ಮಗಳಿಗೆ ಇಳಿಯುತ್ತವೆ; ಗಂಡುಮಕ್ಕಳು ‘ಮರಾಂತಾವ್’ ಎಂದು ದುಡಿಮೆಗಾಗಿ ಊರು ಬಿಟ್ಟು ಹೊರಡುತ್ತಾರೆ. ಈ ಪದ್ಧತಿಗೂ ಶರೀಅತ್ತಿಗೂ ಹೊಂದಿಕೆ ಹೇಗೆಂಬ ವಾದ ಅಲ್ಲಿ ಬಹುಕಾಲ ನಡೆಯಿತು. 1952ರಲ್ಲಿ ಬುಕಿಟ್ಟಿಂಗಿಯಲ್ಲಿ ಉಲಮಾಗಳೂ ಕುಲದ ಹಿರಿಯರೂ ಕೂಡಿ, ತಲೆಮಾರುಗಳಿಂದ ಬಂದ ಕುಲದ ಆಸ್ತಿಗೆ ಹಳೆಯ ಕಟ್ಟು, ಸ್ವಂತ ದುಡಿಮೆಯ ಆಸ್ತಿಗೆ ಫರಾಇಝ್ ಎಂದು ಇತ್ಯರ್ಥಕ್ಕೆ ಬಂದರು. ಜಾವಾದಲ್ಲಾದರೋ ಅನೇಕ ರೈತರು ಬದುಕಿರುವಾಗಲೇ ಹಿಬಃ ಮಾಡಿ ಹೆಣ್ಣುಮಕ್ಕಳಿಗೂ ಗದ್ದೆ ಬರೆದುಕೊಡುವ ರೂಢಿಯಿದೆ. ಅವರ ನಿರ್ಣಯ ಸರಿಯೇ ಎಂಬ ಚರ್ಚೆ ವಿದ್ವಾಂಸರಿಗೆ ಇರಲಿ. ಅವರು ಕುಳಿತು ಮಾತನಾಡಿದರು ಎಂಬುದು ನಮ್ಮ ಗಮನ ಸೆಳೆಯುತ್ತದೆ.

ನಮ್ಮಲ್ಲಿ ಮಾತನಾಡುವ ಅಗತ್ಯ ಬಹುಕಾಲ ಬರಲಿಲ್ಲ, ಏಕೆಂದರೆ ಹಂಚಲು ಸ್ವಂತ ನೆಲವೇ ಇರಲಿಲ್ಲ. 1937ರ ಶರೀಅತ್ ಕಾಯ್ದೆಯು ಕೃಷಿಭೂಮಿಯನ್ನು ತನ್ನ ವ್ಯಾಪ್ತಿಯಿಂದ ಹೊರಗಿಟ್ಟಿತ್ತು. ನಮ್ಮ ಜಿಲ್ಲೆ ಆಗ ಮದ್ರಾಸಿಗೆ ಸೇರಿತ್ತು. 1949ರಲ್ಲಿ ಮದ್ರಾಸ್ ಸರಕಾರ ತಿದ್ದುಪಡಿ ತಂದು ಆ ಹೊರಗಿಡುವಿಕೆಯನ್ನು ತೆಗೆದುಹಾಕಿತು. ಗೇಣಿಯ ಒಕ್ಕಲಿಗೆ ಅದರಿಂದ ಆದದ್ದೇನೂ ಇಲ್ಲ.

ಆಮೇಲೆ 1974 ಬಂದಿತು. ದೇವರಾಜ ಅರಸು ಸರಕಾರದ ಭೂಸುಧಾರಣಾ ತಿದ್ದುಪಡಿಯಿಂದ ಮಾರ್ಚ್ 1ರಂದು ಗೇಣಿ ಭೂಮಿಯೆಲ್ಲವೂ ಸರಕಾರದಲ್ಲಿ ನಿಹಿತವಾಯಿತು; ಉಳುವವನು 7ನೇ ನಮೂನೆಯಲ್ಲಿ ಅರ್ಜಿ ಹಾಕಿ ಹಕ್ಕು ಪಡೆಯಬೇಕಾಯಿತು. ಅದೇ ವರ್ಷದ ಮಳೆಗಾಲದಲ್ಲಿ ನೇತ್ರಾವತಿ ಉಕ್ಕಿ ಬಂಟ್ವಾಳವನ್ನು ಮುಳುಗಿಸಿತು. 1923ರ ‘ಮಾರಿಬೊಳ್ಳ’ವನ್ನು ಕಂಡ ಹಿರಿಯರೂ ಬೆಚ್ಚಿದ ನೆರೆ ಅದು. ಗೇಣಿ ರಶೀದಿಯೇ ಪುರಾವೆಯಾಗಬೇಕಿದ್ದ ಕಾಲದಲ್ಲಿ ಪೆಟ್ಟಿಗೆಯೊಳಗಿನ ಕಾಗದ ನೀರುಪಾಲಾದವನ ಗತಿಯನ್ನು ಯೋಚಿಸಿ! ಬಾಯಿಮಾತಿನ ಚಾಲಗೇಣಿಯವನಿಗೆ ಒದ್ದೆಯಾಗಲೂ ಕಾಗದವಿರಲಿಲ್ಲ. ಅಸಿಸ್ಟೆಂಟ್ ಕಮಿಷನರರ ಅಧ್ಯಕ್ಷತೆಯ ಭೂನ್ಯಾಯ ಮಂಡಳಿಯ ಮುಂದೆ ನೆರೆಹೊರೆಯವರ ಸಾಕ್ಷ್ಯವೇ ಆಧಾರ. ಬಂಟರು, ಬಿಲ್ಲವರು, ಕ್ರೈಸ್ತರು ಬ್ಯಾರಿಯ ಪರವಾಗಿ, ಬ್ಯಾರಿ ಅವರ ಪರವಾಗಿ ಸಾಕ್ಷಿ ನುಡಿದರು. ಮೂಡುಬಿದಿರೆಯವರು ಆಗ ತಾಲೂಕು ಕೇಂದ್ರವಾಗಿದ್ದ ಕಾರ್ಕಳಕ್ಕೆ ಬುತ್ತಿ ಕಟ್ಟಿಕೊಂಡು ಓಡಾಡಿದರು. 1979ರ ಜೂನ್ 30ರವರೆಗೆ ಅರ್ಜಿಯ ಅವಧಿ ವಿಸ್ತರಿಸಲ್ಪಟ್ಟಿತು. ಸಣ್ಣ ಹಿಡುವಳಿಯ ವಿಧವೆಯರು ತಮ್ಮ ಏಕೈಕ ಗೇಣಿ ಆದಾಯ ಕಳೆದುಕೊಂಡದ್ದೂ ಇದೇ ಕಾನೂನಿನಿಂದ, ಅದನ್ನು ಮರೆಯಬಾರದು. ಆದರೂ ತಲೆತಲಾಂತರದ ಒಕ್ಕಲುಗಳು ತಮ್ಮ ಅಂಗಳವನ್ನು ತಮ್ಮದೆಂದು ಕರೆಯುವಂತಾದದ್ದು ಆಗಲೇ.

7ನೇ ನಮೂನೆಯಲ್ಲಿ ಅರ್ಜಿದಾರನ ಹೆಸರಿಗೆ ಒಂದು ಜಾಗವಿತ್ತು. ತಂದೆ ತೀರಿಕೊಂಡಿದ್ದರೆ ಹಿರಿಯ ಮಗನು ಅಲ್ಲಿ ಸಹಿ ಹಾಕಿದನು. ಗೇಣಿದಾರನ ಹಕ್ಕು ಅವನ ಎಲ್ಲ ವಾರಸುದಾರರಿಗೆ ಇಳಿಯುತ್ತದೆಂದು ಕಾಯ್ದೆಯೇ ಹೇಳಿತ್ತು, ಕುರ್‌ಆನ್ ಅಂತೂ ಹೇಳಿಯೇ ಇತ್ತು. ಪಹಣಿಯಲ್ಲಿ ಮಾತ್ರ ಒಂದೇ ಹೆಸರು ಮೂಡಿತು. ಮದುವೆಯಾಗಿ ಹೋದ ಹೆಣ್ಣುಮಕ್ಕಳನ್ನು ಯಾರೂ ಕೇಳಲಿಲ್ಲ. ಕೇಳಿದವರಿಗೂ ಉತ್ತರ ಸಿದ್ಧವಿತ್ತು: ಮದುವೆಗೆ ಚಿನ್ನ ಕೊಟ್ಟಿಲ್ಲವೇ? ಚಿನ್ನದ ಲೆಕ್ಕ ಬೇರೆ, ಮೀರಾಸಿನ ಲೆಕ್ಕ ಬೇರೆ ಎಂದು ಹೇಳಬೇಕಾದ ಮಿಂಬರ್‌ಗಳು ಆ ವರ್ಷಗಳಲ್ಲಿ ಈ ವಿಷಯದಲ್ಲಿ ಹೆಚ್ಚು ಮಾತನಾಡಲಿಲ್ಲವೆಂದು ನಾವು ವಿಷಾದದಿಂದಲೇ ಬರೆಯುತ್ತೇವೆ. ಒಂದು ಗೇಣು ನೆಲವನ್ನು ಅನ್ಯಾಯವಾಗಿ ಹಿಡಿದವನ ಬಗ್ಗೆ ಪ್ರವಾದಿವರ್ಯರು(ಸ) ನೀಡಿದ ಎಚ್ಚರಿಕೆ ಎಲ್ಲರಿಗೂ ಕಂಠಪಾಠ. ಗೇಣಿಯ ಅನ್ಯಾಯವನ್ನು ಗುರುತಿಸಿದ ನಮಗೆ ಗೇಣಿನ ಅನ್ಯಾಯ ಕಾಣಲಿಲ್ಲ.

ಮುಂದಿನದು ಬೇಗ ನಡೆದುಹೋಯಿತು. ಮಂಜೂರಾದ ಭೂಮಿಯನ್ನು 15 ವರ್ಷ ಮಾರುವಂತಿರಲಿಲ್ಲ. ಅಷ್ಟರಲ್ಲಿ ಗಂಡುಮಕ್ಕಳು ಗಲ್ಫ್ ಸೇರಿದರು. ಗದ್ದೆಗಳು ಅಡಿಕೆ ತೋಟಗಳಾದವು. ಶಾಫಿಈ ಫಿಕ್‌ಹ್‌ನಲ್ಲಿ ಭತ್ತಕ್ಕೆ ಝಕಾತ್ ಇದೆ: ಹೊಟ್ಟಿನ ಸಹಿತವಾದರೆ 10 ವಸ್ಕ್, ಅಂದರೆ 600 ಸಾಅ್ ಮುಟ್ಟಿದಾಗ, ಮಳೆನೀರಿನ ಬೆಳೆಯಲ್ಲಿ ಹತ್ತನೆಯ ಒಂದು. ಅಡಿಕೆಗೆ ಬೆಳೆಯ ಝಕಾತ್ ಇಲ್ಲ. ಸುಗ್ಗಿಯ ದಿನ ಅಂಗಳದ ಮೂಲೆಯಲ್ಲಿ ಬಡವರಿಗೆಂದು ಬೇರೆ ರಾಶಿ ಹಾಕುತ್ತಿದ್ದ ದೃಶ್ಯ ನಮ್ಮ ಮಕ್ಕಳಿಗೆ ಗೊತ್ತಿಲ್ಲದಿರುವುದಕ್ಕೆ ಇದೂ ಒಂದು ಕಾರಣ.

ನಿಷೇಧದ ಅವಧಿ ಮುಗಿದು ಮಾರಾಟ, ಪಾಲುಪಟ್ಟಿಗಳು ಆರಂಭವಾದಾಗ ಹೆಣ್ಣುಮಕ್ಕಳು ಮತ್ತೆ ನೆನಪಾದರು, ಏಕೆಂದರೆ ಹಕ್ಕು ಬಿಡುಗಡೆ ಪತ್ರಕ್ಕೆ ಅವರ ಸಹಿ ಬೇಕಾಗಿತ್ತು. ಒಂದು ಸೀರೆ, ಒಂದು ಹೊತ್ತಿನ ತುಪ್ಪದನ್ನ, ಬಾಡಿಗೆ ಕಾರಿನಲ್ಲಿ ಸಬ್ ರಿಜಿಸ್ಟ್ರಾರ್ ಕಚೇರಿಗೆ ಒಂದು ಪ್ರಯಾಣ, ಹೆಬ್ಬೆಟ್ಟು ಬಿತ್ತು.

ನಮ್ಮ ಮನೆಯ ಲೆಕ್ಕವನ್ನೇ ಹೇಳುವುದು ಉಚಿತ. ಅಜ್ಜನ ಒಕ್ಕಲುತನದಿಂದ ಬಂದದ್ದು 4 ಎಕರೆ. ಅಜ್ಜಿ, ಇಬ್ಬರು ಗಂಡುಮಕ್ಕಳು, ಮೂವರು ಹೆಣ್ಣುಮಕ್ಕಳು. ಅಜ್ಜಿಗೆ ಎಂಟನೆಯ ಒಂದು, 50 ಸೆಂಟ್ಸ್. ಉಳಿದ ಮೂರೂವರೆ ಎಕರೆಯನ್ನು ಏಳು ಪಾಲು ಮಾಡಿದರೆ ಗಂಡಿಗೆ ಒಂದೊಂದು ಎಕರೆ, ಹೆಣ್ಣಿಗೆ 50 ಸೆಂಟ್ಸ್. ಐದು ನಿಮಿಷದ ಲೆಕ್ಕ. ಅದನ್ನು ಮಾಡಲು ನಮ್ಮವರಿಗೆ ಮೂವತ್ತು ವರ್ಷ ಹಿಡಿಯಿತು. ಅದೂ ಹಿರಿಯ ಸೋದರತ್ತೆ ಸಹಿಗೆಂದು ಬಂದವರು ಪೆನ್ನನ್ನು ಮೇಜಿನ ಮೇಲಿಟ್ಟು, ಸಣ್ಣಂದಿನಲ್ಲಿ ತಾನು ನೇಜಿ ನೆಟ್ಟ ಮಜಲು ಗದ್ದೆ ಈಗ ಯಾರ ಹೆಸರಿನಲ್ಲಿದೆ ಎಂದು ಕೇಳಿದ ಮೇಲೆ. ದೊಡ್ಡಪ್ಪನವರು ಅಂದು ಸಹಿ ಮಾಡಿಸದೆ ಹಿಂದಿರುಗಿದರು. ಎರಡು ವಾರಗಳ ನಂತರ ಸರ್ವೇಯರನ್ನು ಕರೆಸಿದರು.

ಇಂದು ಆ 50 ಸೆಂಟ್ಸ್‌ನಲ್ಲಿ ಆ ಅತ್ತೆಯ ಮಗಳ ಮನೆಯಿದೆ. ಅಜ್ಜಿಯ ಪಾಲನ್ನೂ ಉಳಿದಿಬ್ಬರು ಅತ್ತೆಯಂದಿರ ಪಾಲನ್ನೂ ಬೇರ್ಪಡಿಸುವ ಮುನ್ನವೇ ಅವರು ಮರಣ ಹೊಂದಿದರು. ಅವರ ವಾರಸುದಾರರು ಈಗ 19 ಮಂದಿ. ಬಂಟ್ವಾಳದಲ್ಲಿ ಕೆಲವರು, ವೇಣೂರಿನ ಕಡೆ ಕೆಲವರು, ಮೂವರು ಸೌದಿಯಲ್ಲಿ. ಅವರ ಹೆಸರಿನ ಪಟ್ಟಿಯನ್ನು ನಾವು ಕಳೆದ ರಮಝಾನಿನಲ್ಲಿ ಬರೆದು ಮುಗಿಸಿದೆವು. ಪತ್ರ ಇನ್ನೂ ಆಗಬೇಕಾಗಿದೆ.