ಕೋಳ ಹಾಕಬೇಕೆ, ಹೇಗೆ ಹಾಕಬೇಕು

1894ರ ಕಾರಾಗೃಹ ಕಾಯ್ದೆಯ 46ನೇ ಕಲಮಿನಲ್ಲಿ ಜೈಲಿನ ನಿಯಮ ಮುರಿದ ಕೈದಿಗೆ ಕೊಡಬಹುದಾದ ದಂಡನೆಗಳ ಪಟ್ಟಿಯಿದೆ. ಕೈಕೋಳ, ಕಾಲುಬೇಡಿ ಎರಡೂ ಅದರಲ್ಲಿವೆ. ಅವು ಯಾವ ಮಾದರಿಯವಿರಬೇಕು, ಎಷ್ಟು ತೂಕವಿರಬೇಕು, ಎಷ್ಟು ಕಾಲ ತೊಡಿಸಬೇಕು ಎಂಬುದನ್ನು ಸರ್ಕಾರ ಗೊತ್ತುಮಾಡಬೇಕು ಎಂದೂ ಅಲ್ಲಿ ಹೇಳಿದೆ. 56ನೇ ಕಲಮು ಶಿಕ್ಷೆಯ ಮಾತಾಡುವುದಿಲ್ಲ. ಭದ್ರತೆಯ ಹೆಸರಿನಲ್ಲಿ ಬೇಡಿ ತೊಡಿಸುವ ಅಧಿಕಾರವನ್ನು ಅಧೀಕ್ಷಕನಿಗೆ ಕೊಡುತ್ತದೆ. ತುರ್ತು ಸಂದರ್ಭ ಬಿಟ್ಟರೆ ಜೈಲರ್ ತನ್ನಷ್ಟಕ್ಕೆ ತಾನೇ ಬೇಡಿ ಹಾಕುವಂತಿಲ್ಲ, ಹಾಕಿದರೆ ತಕ್ಷಣ ಅಧೀಕ್ಷಕನಿಗೆ ತಿಳಿಸಬೇಕು ಎನ್ನುವುದು 58ನೇ ಕಲಮು. ಕಾಯ್ದೆ ಕ್ರೂರವಾದದ್ದೇ, ಅನುಮಾನವಿಲ್ಲ. ಆದರೆ ಕಬ್ಬಿಣಕ್ಕೆ ಭಾರವಿದೆ ಎಂಬುದು ಅದನ್ನು ಬರೆದವರಿಗೆ ಗೊತ್ತಿತ್ತು. ಆಮೇಲೆ ನಮ್ಮ ನ್ಯಾಯಾಲಯಗಳಲ್ಲಿ ಕೋಳ ಹಾಕಬಹುದೇ ಎಂಬ ಬಗ್ಗೆ ದಶಕಗಟ್ಟಲೆ ವಾದ ನಡೆಯಿತು, ಒಳ್ಳೆಯ ತೀರ್ಪುಗಳೂ ಬಂದವು. ಹಾಕಿದರೆ ಎಷ್ಟು ಬಿಗಿಯಾಗಿ, ಎಷ್ಟು ಹೊತ್ತು, ಯಾರು ನೋಡಿಕೊಳ್ಳಬೇಕು ಎಂಬ ಮಾತು ಮಾತ್ರ ಹಿಂದೆಯೇ ಉಳಿಯಿತು.

ಈ ವಾದ ಬಿಸಿಯೇರಿದ್ದು ತುರ್ತುಪರಿಸ್ಥಿತಿಯ ಕಾಲಕ್ಕೆ. ಮಂಗಳೂರಿನ ಜಾರ್ಜ್ ಫರ್ನಾಂಡಿಸ್ ಬರೋಡಾ ಡೈನಮೈಟ್ ಮೊಕದ್ದಮೆಯಲ್ಲಿ ಸೆರೆಯಾಗಿ, ಕೋಳ ತೊಟ್ಟ ಕೈಯನ್ನು ಮೇಲೆತ್ತಿ ನಿಂತ ಚಿತ್ರವನ್ನು ನೋಡದವರು ಕಡಿಮೆ. 1977ರಲ್ಲಿ ಅವರು ಜೈಲಿನಿಂದಲೇ ಬಿಹಾರದ ಮುಜಫ್ಫರ್‌ಪುರದಲ್ಲಿ ಸ್ಪರ್ಧಿಸಿ ಗೆದ್ದರು. ಆ ಚಿತ್ರವೇ ಅವರ ಪ್ರಚಾರವಾಗಿತ್ತು. ಅವಮಾನಿಸಲೆಂದು ತೊಡಿಸಿದ ಕೋಳ ಮತ ತಂದುಕೊಟ್ಟ ಉದಾಹರಣೆ ನಮ್ಮಲ್ಲಿ ಬೇರೆ ಇರಲಿಕ್ಕಿಲ್ಲ.

ಕಾನೂನು ಬದಲಾದದ್ದು ಮಾತ್ರ ಯಾರಿಗೂ ಕನಿಕರ ಹುಟ್ಟದ ಒಬ್ಬ ಕೈದಿಯಿಂದ. 1976ರ ಜುಲೈನಲ್ಲಿ ಬಂಧನಕ್ಕೊಳಗಾದ ಚಾರ್ಲ್ಸ್ ಶೋಭರಾಜ್ ತಿಹಾರ್ ಜೈಲಿನಲ್ಲಿ ಹಗಲೂ ರಾತ್ರಿಯೂ ಸರಳುಬೇಡಿಯಲ್ಲಿದ್ದ. ಎರಡು ಕಣಕಾಲಿಗೂ ಕಬ್ಬಿಣದ ಬಳೆ, ಪ್ರತಿ ಬಳೆಯಿಂದ ಮೇಲಕ್ಕೊಂದು ಸರಳು, ಅವೆರಡೂ ಕೂಡುವ ಕಡೆ ಇನ್ನೊಂದು ಬಳೆ. ಇದನ್ನು ತೊಟ್ಟವನು ಕಾಲು ಮಡಚಿ ಮಲಗುವುದೂ ಕಷ್ಟ. ಸುಮಾರು ಎರಡು ವರ್ಷ ಹೀಗೆ ನಡೆಯಿತು. ಗಲ್ಲುಶಿಕ್ಷೆಗೆ ಗುರಿಯಾಗಿದ್ದ ಸುನಿಲ್ ಬಾತ್ರಾನ ಏಕಾಂತವಾಸದ ಅರ್ಜಿಯ ಜೊತೆಗೆ ಇವನ ಅರ್ಜಿಯೂ ಸುಪ್ರೀಂ ಕೋರ್ಟಿನ ಐವರ ಪೀಠದ ಮುಂದೆ ಬಂತು. ನ್ಯಾಯಮೂರ್ತಿಗಳು ಕಡತ ನೋಡಿ ಸುಮ್ಮನಾಗಲಿಲ್ಲ, ಜೈಲಿಗೇ ಹೋಗಿ ನೋಡಿದರು. 1978ರ ಆಗಸ್ಟ್ 30ರ ತೀರ್ಪು 56ನೇ ಕಲಮನ್ನು ರದ್ದು ಮಾಡಲಿಲ್ಲವಾದರೂ ಅದರ ಸುತ್ತ ಬೇಲಿ ಹಾಕಿತು: ಕಾರಣವನ್ನು ಬರೆದಿಡಬೇಕು, ಕೈದಿಯ ಮಾತನ್ನೂ ಕೇಳಬೇಕು, ಬೇಡಿ ಅಲ್ಪಾವಧಿಯದ್ದಾಗಿರಬೇಕು. ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಇನ್ನೊಂದು ಮಾತು ಸೇರಿಸಿದರು. ಬೀಗ ಹಾಕಿದ ಕೋಣೆಯೊಳಗಿರುವವನಿಗೆ ರಾತ್ರಿ ಹೊತ್ತು ಬೇಡಿಯ ಅಗತ್ಯ ಸಾಮಾನ್ಯವಾಗಿ ಇರುವುದಿಲ್ಲ ಎಂದು. ಇಷ್ಟು ಸರಳ ಮಾತನ್ನು ಹೇಳಲು ದೇಶದ ಅತ್ಯುನ್ನತ ನ್ಯಾಯಾಲಯವೇ ಬೇಕಾಯಿತು.

1980ರ ಪ್ರೇಮ್ ಶಂಕರ್ ಶುಕ್ಲಾ ಪ್ರಕರಣ ಶುರುವಾದದ್ದು ತಿಹಾರ್‌ನಿಂದ ವಿಚಾರಣಾಧೀನ ಕೈದಿಯೊಬ್ಬ ಸುಪ್ರೀಂ ಕೋರ್ಟಿಗೆ ಕಳಿಸಿದ ಒಂದು ಟೆಲಿಗ್ರಾಂನಿಂದ. ಜೈಲಿಗೂ ಕೋರ್ಟಿಗೂ ಕರೆದೊಯ್ಯುವಾಗ ಕೋಳ ಹಾಕುತ್ತಾರೆ ಎಂಬುದು ದೂರು. ಆಗ ಜಾರಿಯಲ್ಲಿದ್ದ ಪಂಜಾಬ್ ಪೊಲೀಸ್ ನಿಯಮದಲ್ಲಿ ಕೈದಿಗಳಲ್ಲೇ ‘ಉತ್ತಮ ದರ್ಜೆ’ಯವರು, ಸಾಮಾನ್ಯರು ಎಂಬ ಭೇದವಿತ್ತು, ಉತ್ತಮ ದರ್ಜೆಯವರಿಗೆ ಕೋಳದಿಂದ ರಿಯಾಯಿತಿ. ದುಡ್ಡಿದ್ದವನು ಓಡುವುದಿಲ್ಲ, ಬಡವ ಓಡುತ್ತಾನೆ ಎಂಬ ಈ ತರ್ಕವನ್ನು ನ್ಯಾಯಾಲಯ ಕಿತ್ತೊಗೆಯಿತು. ಕೋಳಕ್ಕೆ ಆಧಾರ ಆಪಾದನೆಯ ಗಾತ್ರವಲ್ಲ. ಆ ವ್ಯಕ್ತಿ ತಪ್ಪಿಸಿಕೊಳ್ಳುವ ಸ್ಪಷ್ಟ ಅಪಾಯ ಕಣ್ಣೆದುರಿಗಿರಬೇಕು, ಬೆಂಗಾವಲು ಹೆಚ್ಚಿಸಿದರೂ ಅದು ತಪ್ಪುವಂತಿರಬಾರದು ಎಂದಿತು. ಈ ವಾಕ್ಯವನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ತೀರ್ಪು ಬಂದರೂ ಠಾಣೆಯ ರೂಢಿ ಬದಲಾಗಲಿಲ್ಲ. 1989ರಲ್ಲಿ ಗುಜರಾತಿನ ನಡಿಯಾದ್‌ನಲ್ಲಿ ಪೊಲೀಸರು ಮುಖ್ಯ ನ್ಯಾಯಿಕ ದಂಡಾಧಿಕಾರಿಗೇ ಕೋಳ ಹಾಕಿ, ಹಗ್ಗ ಬಿಗಿದರು. ಮ್ಯಾಜಿಸ್ಟ್ರೇಟರ ಗತಿಯೇ ಹೀಗಾದರೆ ಉಳಿದವರದ್ದನ್ನು ಊಹಿಸಿಕೊಳ್ಳಬಹುದು. ಕೆಲವು ವರ್ಷಗಳ ನಂತರ ಪತ್ರಕರ್ತ ಕುಲದೀಪ್ ನಯ್ಯರ್ ಗುವಾಹಟಿಯ ಆಸ್ಪತ್ರೆಯೊಂದರಲ್ಲಿ ಟಾಡಾ ಕಾಯ್ದೆಯಡಿ ಬಂಧಿತರಾದ ಏಳು ಮಂದಿಯನ್ನು ಕಂಡರು. ಬೀಗ ಹಾಕಿದ ಕೋಣೆ, ಹೊರಗೆ ಕಾವಲು, ಇಷ್ಟಿದ್ದೂ ರೋಗಿಗಳ ಕೈ ಮಂಚಕ್ಕೆ ಕೋಳದಿಂದ ಬಿಗಿದಿತ್ತು, ಜೊತೆಗೆ ಹಗ್ಗ ಬೇರೆ. ಅವರು ಬರೆದ ಪತ್ರವನ್ನೇ ಸುಪ್ರೀಂ ಕೋರ್ಟ್ ಅರ್ಜಿಯಾಗಿ ತೆಗೆದುಕೊಂಡು 1995ರಲ್ಲಿ ದೇಶಕ್ಕೆಲ್ಲ ಅನ್ವಯವಾಗುವ ಆದೇಶ ಕೊಟ್ಟಿತು: ಜೈಲಿನಲ್ಲಿರಲಿ, ದಾರಿಯಲ್ಲಿರಲಿ, ಮ್ಯಾಜಿಸ್ಟ್ರೇಟರ ಅನುಮತಿಯಿಲ್ಲದೆ ಕೋಳ ಕೂಡದು, ಮೀರಿದರೆ ನ್ಯಾಯಾಂಗ ನಿಂದನೆ.

ನಮ್ಮ ರಾಜ್ಯದ ಪ್ರಮುಖ ತೀರ್ಪು 2022ರ ಜೂನ್‌ನಲ್ಲಿ ಹೈಕೋರ್ಟಿನ ಧಾರವಾಡ ಪೀಠದಿಂದ ಬಂತು. ಚೆಕ್ ಬೌನ್ಸ್ ಪ್ರಕರಣಗಳಲ್ಲಿ ಜಾಮೀನುರಹಿತ ವಾರಂಟ್ ಇದ್ದ ಕಾನೂನು ವಿದ್ಯಾರ್ಥಿಯೊಬ್ಬನಿಗೆ ಪೊಲೀಸರು ಕೋಳ ತೊಡಿಸಿ ಜನರೆದುರು ಕರೆದೊಯ್ದಿದ್ದರು. ನ್ಯಾಯಮೂರ್ತಿ ಸೂರಜ್ ಗೋವಿಂದರಾಜ್ 2 ಲಕ್ಷ ರೂಪಾಯಿ ಪರಿಹಾರ ಕೊಡಿಸಿದರು. ಕೋಳ ಹಾಕಿದ ಕಾರಣ ದಾಖಲಾಗಬೇಕು, ಆರೋಪಿಯನ್ನು ಹಾಜರುಪಡಿಸಿದಾಗ ನ್ಯಾಯಾಧೀಶರೇ ಅದನ್ನು ವಿಚಾರಿಸಬೇಕು, ಬಂಧಿಸುವ ಅಧಿಕಾರಿಯ ಮೈಮೇಲೆ ಕ್ಯಾಮೆರಾ ಇರಬೇಕು ಎಂದರು. ಹಿಂದಿನ ತೀರ್ಪುಗಳು ಕಾಗದದ ಮೇಲಿನ ಕಾರಣವನ್ನು ನಂಬಿದ್ದವು. ಇದು ಕಣ್ಣಿಗೆ ಕಾಣುವ ಸಾಕ್ಷ್ಯ ಕೇಳಿತು, ಅದೇ ಇದರ ಹೆಚ್ಚುಗಾರಿಕೆ.

ಇನ್ನು ದೇಹದ ವಿಷಯ. ಕೈಕೋಳದ ಹಲ್ಲುಗಳು ಒಂದೇ ದಿಕ್ಕಿಗೆ ಸರಿಯುತ್ತವೆ, ಅಂದರೆ ಬಿಗಿಯಾಗುವ ದಿಕ್ಕಿಗೆ. ತೊಡಿಸಿದ ಮೇಲೆ ಕೀಲಿಯ ತುದಿಯ ಪುಟ್ಟ ಮೊಳೆಯಿಂದ ಎರಡನೇ ಬೀಗ ಒತ್ತಬೇಕು. ಒತ್ತದಿದ್ದರೆ ಕೈದಿ ಕೊಸರಾಡಿದಂತೆಲ್ಲ, ವ್ಯಾನು ಕುಲುಕಿದಂತೆಲ್ಲ ಕೋಳ ಇನ್ನಷ್ಟು ಕಚ್ಚುತ್ತದೆ. ಹೆಬ್ಬೆರಳ ಹಿಂಬದಿಗೆ ಹೋಗುವ ನರ ಮಣಿಕಟ್ಟಿನಲ್ಲಿ ಚರ್ಮಕ್ಕೆ ತೀರ ಹತ್ತಿರದಲ್ಲೇ ಹಾದುಹೋಗುವುದರಿಂದ ಮೊದಲು ಪೆಟ್ಟು ತಿನ್ನುವುದು ಅದೇ. ಜೋಮು ಕೆಲವರಿಗೆ ವಾರಗಟ್ಟಲೆ, ಕೆಲವರಿಗೆ ತಿಂಗಳುಗಟ್ಟಲೆ ಉಳಿಯುತ್ತದೆ. ಕೋಳಕ್ಕೂ ಮಣಿಕಟ್ಟಿಗೂ ನಡುವೆ ಒಂದು ಬೆರಳು ತೂರುವಷ್ಟು ಜಾಗ, ಆಗಾಗ ಬೆರಳಿನ ಬಣ್ಣ ನೋಡುವುದು, ಬೆನ್ನ ಹಿಂದೆ ಕೋಳವಿದ್ದವನು ಎಡವಿದರೆ ಕೈಯೂರಲಾರ ಎಂಬ ಎಚ್ಚರ. ಇದಕ್ಕೆ ದುಡ್ಡು ಬೇಕಿಲ್ಲ, ಐದು ನಿಮಿಷದ ತರಬೇತಿ ಸಾಕು.

ಉಸಿರಿನ ಪ್ರಶ್ನೆ ಇದಕ್ಕಿಂತ ಘೋರ. ಕೈಕಾಲು ಹಿಂದಕ್ಕೆ ಕಟ್ಟಿ ಬೋರಲು ಮಲಗಿಸಿದರೆ ದಣಿದ ದೇಹ ಚೇತರಿಸಿಕೊಳ್ಳಲು ಹೆಚ್ಚು ಹೊತ್ತು ಬೇಕಾಗುತ್ತದೆ ಎಂದು ಸಿಯಾಟಲ್‌ನ ಶವಪರೀಕ್ಷಾ ತಜ್ಞ ಡೊನಾಲ್ಡ್ ರೇ ಮತ್ತು ಸಂಗಡಿಗರು 1988ರಲ್ಲಿ ವರದಿ ಮಾಡಿದರು. 1997ರಲ್ಲಿ ಸ್ಯಾನ್ ಡಿಯೇಗೊದ ವೈದ್ಯರು ಆರೋಗ್ಯವಂತ ಸ್ವಯಂಸೇವಕರನ್ನು ಹಾಗೇ ಕಟ್ಟಿ ನೋಡಿ, ಅಪಾಯಕಾರಿ ಮಟ್ಟಕ್ಕೆ ಆಮ್ಲಜನಕ ಇಳಿಯಲಿಲ್ಲ ಎಂದರು. ಪೊಲೀಸರ ಪರ ವಕೀಲರಿಗೆ ಇದು ದೊಡ್ಡ ಆಸರೆಯಾಯಿತು. ಆದರೆ ಪ್ರಯೋಗಾಲಯದಲ್ಲಿ ಮಲಗಿದವನ ಬೆನ್ನ ಮೇಲೆ ಮೂವರು ಕೂತಿರುವುದಿಲ್ಲ, ಅವನಿಗೆ ಪ್ರಾಣಭಯವೂ ಇರುವುದಿಲ್ಲ. ಅಮೆರಿಕದ ನ್ಯಾಯ ಇಲಾಖೆ 1995ರಲ್ಲೇ ಎಚ್ಚರಿಸಿತ್ತು, ಕೋಳ ಬಿದ್ದ ಕೂಡಲೇ ವ್ಯಕ್ತಿಯನ್ನು ಹೊಟ್ಟೆಯ ಮೇಲಿಂದ ಹೊರಳಿಸಿ ಎಂದು. 2020ರ ಮೇ 25ರಂದು ಮಿನಿಯಾಪೊಲಿಸ್‌ನಲ್ಲಿ ಕೋಳ ತೊಟ್ಟು ಬೋರಲು ಬಿದ್ದಿದ್ದ ಜಾರ್ಜ್ ಫ್ಲಾಯ್ಡ್ ಕುತ್ತಿಗೆಯ ಮೇಲೆ ಒಂಬತ್ತು ನಿಮಿಷಕ್ಕೂ ಹೆಚ್ಚು ಹೊತ್ತು ಮೊಣಕಾಲಿತ್ತು.

ಕಟ್ಟಿಹಾಕುವ ಕುರ್ಚಿಯ ಕಥೆಯೂ ಅಂಥದ್ದೇ. 1997ರಲ್ಲಿ ಅಮೆರಿಕದ ಯೂಟಾ ರಾಜ್ಯದ ಜೈಲಿನಲ್ಲಿ ಮಾನಸಿಕ ಅಸ್ವಸ್ಥ ಕೈದಿಯೊಬ್ಬನನ್ನು 16 ಗಂಟೆ ಅದರಲ್ಲಿ ಬಿಗಿದಿದ್ದರು. ರಕ್ತ ಹೆಪ್ಪುಗಟ್ಟಿ ಅವನು ಸತ್ತ. ಯಾರೂ ಹೊಡೆದಿರಲಿಲ್ಲ. ಕೊಂದದ್ದು ಅಲುಗಾಡದೆ ಕಳೆದ ಗಂಟೆಗಳು.

2015ರ ಡಿಸೆಂಬರಿನಲ್ಲಿ ವಿಶ್ವಸಂಸ್ಥೆ ಒಪ್ಪಿದ ನೆಲ್ಸನ್ ಮಂಡೇಲಾ ನಿಯಮಗಳು ಸರಪಳಿ, ಕಾಲುಬೇಡಿಯಂಥವನ್ನು ಪೂರ್ತಿ ನಿಷೇಧಿಸುತ್ತವೆ. ಉಳಿದ ಸಾಧನಗಳಿಗೆ ಬೇರೆ ದಾರಿಯೇ ಇಲ್ಲದಿರಬೇಕು, ಇದ್ದುದರಲ್ಲಿ ಸೌಮ್ಯವಾದದ್ದನ್ನು ಆರಿಸಬೇಕು, ಅಪಾಯ ಕಳೆದ ಕೂಡಲೇ ಬಿಚ್ಚಬೇಕು ಎನ್ನುತ್ತವೆ. ಹೆರಿಗೆಯ ವೇಳೆ ಯಾವ ಬಂಧನವೂ ಕೂಡದೆಂಬುದು 2010ರ ಬ್ಯಾಂಕಾಕ್ ನಿಯಮಗಳಲ್ಲೇ ಇತ್ತು.

ನಮ್ಮಲ್ಲಿ ಗಾಳಿ ತಿರುಗಿದ್ದು 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಿಂದ. ಬಂಧಿಸುವಾಗ, ಕೋರ್ಟಿಗೆ ಹಾಜರುಪಡಿಸುವಾಗ ಕೋಳ ಬಳಸಬಹುದಾದ ಪ್ರಕರಣಗಳನ್ನು ಅದರ 43(3)ನೇ ಕಲಮು ಹೆಸರಿಸಿ ಪಟ್ಟಿ ಮಾಡಿದೆ: ರೂಢಿಗತ ಅಪರಾಧಿ, ಹಿಂದೆ ತಪ್ಪಿಸಿಕೊಂಡವನು, ಭಯೋತ್ಪಾದನೆ, ಕೊಲೆ, ಅತ್ಯಾಚಾರ, ಆ್ಯಸಿಡ್ ದಾಳಿ, ಮಾದಕವಸ್ತು, ಖೋಟಾ ನೋಟು ಇತ್ಯಾದಿ. ಮೊದಲ ಮಸೂದೆಯಲ್ಲಿ ಆರ್ಥಿಕ ಅಪರಾಧವೂ ಇತ್ತು, ಸಂಸದೀಯ ಸಮಿತಿ ಹೇಳಿದ ಮೇಲೆ ಕೈಬಿಟ್ಟರು. ಪಟ್ಟಿಯ ಬಹುಪಾಲು ಆಪಾದನೆಯ ಸ್ವರೂಪವನ್ನೇ ಆಧರಿಸಿದೆ. 1980ರಲ್ಲಿ ಸಾಲದು ಎನಿಸಿಕೊಂಡ ಆಧಾರ ಅದೇ. ಅಗತ್ಯಕ್ಕಿಂತ ಹೆಚ್ಚು ಬಂಧನ ಸಲ್ಲದೆಂಬ ಹಳೆಯ ನಿಯಮ 46ನೇ ಕಲಮಾಗಿ ಉಳಿದುಕೊಂಡಿದೆ. ಎರಡನ್ನೂ ಹೊಂದಿಸಿ ಓದುವ ಹೊಣೆ ಮತ್ತೆ ನ್ಯಾಯಾಲಯಗಳ ಮೇಲೆಯೇ ಬೀಳುತ್ತದೆ.

ಪೊಲೀಸರ ಆತಂಕ ಸುಳ್ಳೆಂದು ನಾನು ಹೇಳಲಾರೆ. 2023ರ ಮೇ 10ರಂದು ಕೇರಳದ ಕೊಟ್ಟಾರಕ್ಕರ ತಾಲ್ಲೂಕು ಆಸ್ಪತ್ರೆಗೆ ಪೊಲೀಸರೇ ಕರೆತಂದಿದ್ದ ವ್ಯಕ್ತಿಯೊಬ್ಬ ಗಾಯಕ್ಕೆ ಪಟ್ಟಿ ಕಟ್ಟುತ್ತಿದ್ದಾಗ ಕತ್ತರಿ ಕಸಿದು ಯುವ ವೈದ್ಯೆಯನ್ನು ಇರಿದು ಕೊಂದ. ಅವನಿಗೆ ಕೋಳವಿರಲಿಲ್ಲ. ಆಗ ಅವನು ಆರೋಪಿಯೂ ಆಗಿರಲಿಲ್ಲವಾದ್ದರಿಂದ 43(3)ರಂಥ ಪಟ್ಟಿಯಿದ್ದಿದ್ದರೂ ಆ ವೈದ್ಯೆಗೆ ಪ್ರಯೋಜನವಾಗುತ್ತಿರಲಿಲ್ಲ. ಬೇಕಿದ್ದದ್ದು ಎದುರಿಗಿರುವವನ ವರ್ತನೆ ನೋಡಿ ತೀರ್ಮಾನಿಸುವ, ಕತ್ತರಿಯ ತಟ್ಟೆಯನ್ನು ಅವನ ಕೈಗೆಟುಕದಂತೆ ಸರಿಸುವ, ಪಕ್ಕದಿಂದ ಕದಲದ ಒಬ್ಬ ತರಬೇತಾದ ಪೇದೆ.