ಗದ್ದೆಯ ಪಂಚಾಂಗ: ಕೊಡಗಿನ ಹಬ್ಬ, ಊಟ ಮತ್ತು ಹೊರಸಂಚಾರಗಳ ಚಾರಿತ್ರಿಕ ನೆಲೆ

ಕೊಡಗಿನ ಹಬ್ಬಗಳನ್ನು ಕುರಿತ ಬರವಣಿಗೆಗೆ ಒಂದೂವರೆ ಶತಮಾನಕ್ಕೂ ಮೀರಿದ ಇತಿಹಾಸವಿದೆ. 1855ರಲ್ಲಿ ಹರ್ಮನ್ ಮೋಗ್ಲಿಂಗ್ ಅವರ ‘ಕೂರ್ಗ್ ಮೆಮಾಯರ್ಸ್’, 1870ರಲ್ಲಿ ಜಿ. ರಿಕ್ಟರ್ ಅವರ ‘ಮ್ಯಾನ್ಯುಯೆಲ್ ಆಫ್ ಕೂರ್ಗ್’, 1924ರಲ್ಲಿ ನಡಿಕೇರಿಯಂಡ ಚಿಣ್ಣಪ್ಪನವರ ‘ಪಟ್ಟೋಲೆ ಪಳಮೆ’, 1952ರಲ್ಲಿ ಎಂ.ಎನ್. ಶ್ರೀನಿವಾಸ್ ಅವರ ಪ್ರಸಿದ್ಧ ಸಮಾಜಶಾಸ್ತ್ರೀಯ ಗ್ರಂಥ ಪ್ರಕಟವಾದವು. ಇವುಗಳಲ್ಲಿ ಕೈಲ್‌ಪೊಳ್ದ್, ಕಾವೇರಿ ಸಂಕ್ರಮಣ, ಪುತ್ತರಿ ಎಂಬ ಮೂರು ಹಬ್ಬಗಳಿಗೆ ಪ್ರಮುಖ ಸ್ಥಾನ ದೊರೆತಿದೆ. ಆದರೆ ಹಬ್ಬದ ಆಚರಣೆಗೆ ಸಿಕ್ಕ ಗಮನ ಹಬ್ಬದ ಅಡುಗೆಗೆ ಸಿಕ್ಕಿಲ್ಲ. ಶ್ರೀನಿವಾಸರ ವಿಶ್ಲೇಷಣೆಯಲ್ಲಿ ಆಹಾರವು ಹೆಚ್ಚಾಗಿ ಮಡಿ–ಮೈಲಿಗೆಗಳ, ಜಾತಿ ಶ್ರೇಣಿಯ ಸೂಚಕವಾಗಿ ಬರುತ್ತದೆ. ಅದು ಯಾವ ತಿಂಗಳಿನಲ್ಲಿ, ಗದ್ದೆಯ ಯಾವ ಕೆಲಸ ಮುಗಿದ ಮೇಲೆ, ಯಾವ ಧಾನ್ಯದಿಂದ ಸಿದ್ಧವಾಯಿತು ಎಂಬ ಪ್ರಶ್ನೆ ಹಿಂದೆ ಸರಿಯುತ್ತದೆ. ಪ್ರಸ್ತುತ ಪ್ರಬಂಧವು ಈ ಪ್ರಶ್ನೆಯನ್ನೇ ಮುಂದಿಟ್ಟುಕೊಂಡು ಹೊರಡುತ್ತದೆ. ಕೊಡಗಿನ ಹಬ್ಬಗಳ ವರ್ಷಚಕ್ರವು ಮೂಲತಃ ಭತ್ತದ ಗದ್ದೆಯ ಪಂಚಾಂಗ. ಕಾಫಿಯ ವಿಸ್ತರಣೆಯೊಡನೆ ಗದ್ದೆ ಹಿಂದೆ ಸರಿದಾಗ ಹಬ್ಬದ ದಿನಗಳು ಉಳಿದವು, ಅವನ್ನು ನಿರ್ಧರಿಸಿದ್ದ ದುಡಿಮೆ ಉಳಿಯಲಿಲ್ಲ. ಈ ಬಿರುಕಿನ ಗುರುತುಗಳು ಊಟದ ಎಲೆಯ ಮೇಲೆ ಬೇರೆಲ್ಲಿಗಿಂತಲೂ ಸ್ಪಷ್ಟವಾಗಿ ಕಾಣುತ್ತವೆ.

ಕೊಡವ ಸೌರಮಾನದ ವರ್ಷ ಏಪ್ರಿಲ್ ಮಧ್ಯಭಾಗದಲ್ಲಿ, ಎಡಮ್ಯಾರ್ 1ರಂದು ಆರಂಭವಾಗುತ್ತದೆ. ಅಂದು ಎತ್ತುಗಳನ್ನು ಗದ್ದೆಗಿಳಿಸಿ ಸಾಂಕೇತಿಕವಾಗಿ ಉಳುವುದು ರೂಢಿ. ಅಂದರೆ ವರ್ಷದ ಮೊದಲ ಗೆರೆಯೇ ನೇಗಿಲ ಗೆರೆ. ಇಲ್ಲಿಂದ ಮಳೆಗಾಲದ ಉಳುಮೆ, ಸಸಿಮಡಿ, ನಾಟಿಗಳು ಒಂದನ್ನೊಂದು ಹಿಂಬಾಲಿಸುತ್ತವೆ. ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗಿನ ಕಕ್ಕಡ ತಿಂಗಳು ಈ ದುಡಿಮೆಯ ಅತ್ಯಂತ ಕಠಿಣ ಘಟ್ಟ. ಬಿಡದ ಮಳೆ, ಮೊಣಕಾಲುದ್ದದ ಕೆಸರು, ಜಿಗಣೆ, ತೀರುತ್ತ ಬಂದ ಹಳೆಯ ದಾಸ್ತಾನು. ಕಕ್ಕಡದಲ್ಲಿ ಮದುವೆ ಮೊದಲಾದ ಶುಭಕಾರ್ಯಗಳಿಲ್ಲ. ಇದಕ್ಕೆ ಅಶುಭ ಮಾಸವೆಂಬ ಕಾರಣವನ್ನು ಕೊಡುವುದುಂಟು. ಕೈ ಬಿಡುವಿಲ್ಲದ ತಿಂಗಳನ್ನು ಶಾಸ್ತ್ರವು ಅಶುಭವೆಂದು ಕರೆಯಿತೆಂದು ತಿಳಿಯುವುದೇ ಹೆಚ್ಚು ಯುಕ್ತವೆಂದು ನನಗೆ ತೋರುತ್ತದೆ.

ಈ ತಿಂಗಳ ಅಡುಗೆ ಬಹುಮಟ್ಟಿಗೆ ಕಾಡಿನ ಮತ್ತು ಗದ್ದೆಯ ಬದುವಿನ ಅಡುಗೆ. ಎಳೆ ಬಿದಿರಿನ ಮೊಳಕೆಯಾದ ಬೈಂಬಳೆಯನ್ನು ಸಣ್ಣಗೆ ಹೆಚ್ಚಿ ನೀರಿನಲ್ಲಿ ನೆನೆಹಾಕಿ, ಕಹಿ ತೆಗೆದು ಸಾರು ಮಾಡುತ್ತಾರೆ. ಮಳೆಗೆ ಏಳುವ ಅಣಬೆ, ಕೆಸುವಿನ ಎಲೆ, ಗದ್ದೆಯ ಏಡಿ, ಇವೆಲ್ಲ ಹಣ ಕೊಟ್ಟು ತರುವ ವಸ್ತುಗಳಾಗಿರಲಿಲ್ಲ. ಆಗಸ್ಟ್ ಮೊದಲ ವಾರದಲ್ಲಿ ಬರುವ ‘ಕಕ್ಕಡ ಪದ್‌ನೆಟ್ಟ್’, ಅಂದರೆ ಕಕ್ಕಡದ ಹದಿನೆಂಟನೆಯ ದಿನ, ಈ ಆಹಾರಕ್ರಮಕ್ಕೆ ಒಂದು ಶಿಖರವಿದ್ದಂತೆ. ಅಂದು ಮದ್ದ್‌ತೊಪ್ಪಿನ ಕಾಂಡ ಮತ್ತು ಎಲೆಗಳನ್ನು ಕುದಿಸಿ ತೆಗೆದ ಕಡುನೇರಳೆ ರಸದಲ್ಲಿ ಅಕ್ಕಿಯನ್ನು ಬೇಯಿಸಿ ಪಾಯಸ ಅಥವಾ ಪುಟ್ಟು ಮಾಡುತ್ತಾರೆ. ಹದಿನೆಂಟು ಬಗೆಯ ಔಷಧಗಳು ಅಂದು ಆ ಗಿಡದಲ್ಲಿ ಕೂಡಿರುತ್ತವೆಂಬುದು ಜನರ ನಂಬಿಕೆ. ಅದರ ವಿಶಿಷ್ಟ ಸುವಾಸನೆ ಆ ದಿನಗಳಲ್ಲೇ ಹೆಚ್ಚೆಂದೂ ಹೇಳುತ್ತಾರೆ. ಪಾಯಸ ಉಂಡವರ ಮೂತ್ರವೂ ಕೆಂಪಾಗುವುದರಿಂದ, ಮದ್ದು ಮೈಗೆ ಹಿಡಿಯಿತೆಂಬುದಕ್ಕೆ ಕಣ್ಣಿಗೆ ಕಾಣುವ ಸಾಕ್ಷಿಯೂ ದೊರೆಯುತ್ತದೆ. ಮನೆಯ ಹಿರಿಯ ಹೆಂಗಸರು ಇದನ್ನು ಮಕ್ಕಳಿಗೆ ಮೊದಲೇ ತಿಳಿಸಿಡುತ್ತಾರೆ, ಇಲ್ಲವಾದರೆ ಅವು ಹೆದರುತ್ತವೆ. ಈ ದಿನಕ್ಕೆ ಪುರಾಣವಿಲ್ಲ, ದೇವಸ್ಥಾನವಿಲ್ಲ, ಪುರೋಹಿತರಿಲ್ಲ. ನೀರಿನಲ್ಲಿ ನಿಂತು ದುಡಿಯುವ ದೇಹವೇ ಇದರ ಕೇಂದ್ರ.

ನಾಟಿ ಮುಗಿಯುವ ದಿನದ ಓಟವನ್ನು ಇಲ್ಲಿಯೇ ಹೇಳಬೇಕು. ಮನೆತನದ ಅತಿ ದೊಡ್ಡ ಗದ್ದೆಯಲ್ಲಿ ಕೊನೆಗೆ ಉದ್ದಕ್ಕೂ ಒಂದಿಷ್ಟು ಅಗಲದ ಜಾಗವನ್ನು ನೆಡದೆ ಬಿಟ್ಟು, ಆ ಕೆಸರಿನಲ್ಲಿ ಓಟದ ಪಂದ್ಯ ನಡೆಸಿ, ಬಳಿಕ ಅಲ್ಲಿಯೂ ಸಸಿ ನೆಡುತ್ತಿದ್ದರು. ರಿಕ್ಟರ್ ಈ ಓಟವನ್ನು ಆಸಕ್ತಿಯಿಂದ ದಾಖಲಿಸಿದ್ದಾರೆ. ಇಂದು ಜಿಲ್ಲೆಯ ಹಲವೆಡೆ ನಡೆಯುವ ಕೆಸರುಗದ್ದೆ ಕ್ರೀಡಾಕೂಟಗಳಿಗೆ ಇದೇ ಪೂರ್ವರೂಪ. ಒಂದು ವ್ಯತ್ಯಾಸವನ್ನು ಮಾತ್ರ ಗಮನಿಸಬೇಕು: ಅಂದಿನ ಓಟವು ನಾಟಿಯ ಕೊನೆಯ ಅಂಗವಾಗಿತ್ತು, ಇಂದಿನ ಓಟಕ್ಕೆ ಕೆಲವೊಮ್ಮೆ ಗದ್ದೆಯನ್ನು ಓಟಕ್ಕಾಗಿಯೇ ಹದಮಾಡಲಾಗುತ್ತದೆ.

ನಾಟಿ ಮುಗಿದ ಮೇಲೆ ಕೈಲ್‌ಪೊಳ್ದ್, ಕನ್ನಡದಲ್ಲಿ ಕೈಲ್‌ಮುಹೂರ್ತ. ಸಾಮಾನ್ಯವಾಗಿ ಸೆಪ್ಟೆಂಬರ್ 3ರಂದು ಇದನ್ನು ಆಚರಿಸುತ್ತಾರಾದರೂ ಎಲ್ಲ ನಾಡುಗಳಲ್ಲಿ ಒಂದೇ ದಿನವಲ್ಲ. ಮಳೆ, ಎತ್ತರ, ನಾಟಿಯ ಅವಧಿ ನಾಡಿನಿಂದ ನಾಡಿಗೆ ಬೇರೆಯಾಗುವ ಪ್ರದೇಶದಲ್ಲಿ ಹಬ್ಬದ ದಿನವೂ ಬೇರೆಯಾಗುವುದು ಸಹಜ. ಕೈಲ್ ಎಂದರೆ ಆಯುಧ. ದುಡಿಮೆಯ ತಿಂಗಳುಗಳಲ್ಲಿ ಕನ್ನಿಕೊಂಬರೆಯಲ್ಲಿರಿಸಿದ್ದ ಕೋವಿ, ಒಡಿಕತ್ತಿ, ಪೀಚೆಕತ್ತಿಗಳನ್ನು ಹೊರತೆಗೆದು, ತೋಕ್‌ಪೂ ಎಂದು ಕರೆಯುವ ಅಗ್ನಿಶಿಖೆಯ ಹೂವಿನಿಂದ ಸಿಂಗರಿಸಿ ಪೂಜಿಸುತ್ತಾರೆ. ಆಯುಧಗಳ ವೈಭವದ ವರ್ಣನೆಯಲ್ಲಿ ಅನೇಕ ಲೇಖಕರು ಮರೆತುಬಿಡುವ ಸಂಗತಿಯೊಂದಿದೆ. ಅಂದು ನೇಗಿಲು–ನೊಗಗಳನ್ನು ತೊಳೆದಿಡುತ್ತಾರೆ, ಎತ್ತುಗಳಿಗೆ ಮೈತೊಳೆದು ವಿಶ್ರಾಂತಿ ಕೊಡುತ್ತಾರೆ. ಕೋವಿ ಹೊರಬರುವುದು ನೇಗಿಲು ಒಳಹೋದ ಮೇಲೆ.

ಪೂಜೆಯ ಬಳಿಕ ಗಂಡಸರು ಬೇಟೆಗೆ ಹೊರಡುತ್ತಿದ್ದರು. ಬೆಳೆಯನ್ನು ಕಾಡುಹಂದಿಗಳಿಂದ ಕಾಯಬೇಕಾದ ಕಾಲವೂ ಅದೇ ಆದ್ದರಿಂದ ಈ ಬೇಟೆ ವಿನೋದವಷ್ಟೇ ಆಗಿರಲಿಲ್ಲ. ಬೇಟೆಯ ಮಾಂಸಕ್ಕೆ ಹಂಚಿಕೆಯ ನಿಯಮಗಳಿದ್ದವು, ಬೇಟೆನಾಯಿಗೂ ಪಾಲಿತ್ತು. ಕೈಲ್‌ಪೊಳ್ದಿನ ಊಟವಾದ ಕಡಂಬುಟ್ಟು ಮತ್ತು ಪಂದಿಕರಿಗಳ ಜೋಡಿಯನ್ನು ಈ ಹಿನ್ನೆಲೆಯಲ್ಲಿಯೇ ಅರ್ಥಮಾಡಿಕೊಳ್ಳಬೇಕು. ಕಡಂಬುಟ್ಟು ಅಕ್ಕಿತರಿಯನ್ನು ಬೇಯಿಸಿ, ಉಂಡೆ ಕಟ್ಟಿ, ಹಬೆಯಲ್ಲಿ ಮತ್ತೆ ಬೇಯಿಸಿದ ಕಡುಬು. ಪಾಪುಟ್ಟಿಗೂ ತರಿಯೇ ಬೇಕು. ಒನಕೆಯಲ್ಲಿ ಭತ್ತ ಕುಟ್ಟುತ್ತಿದ್ದ ಮನೆಗಳಲ್ಲಿ ನುಚ್ಚು–ತರಿ ಹೇರಳವಾಗಿ ಉಳಿಯುತ್ತಿತ್ತು. ಅದನ್ನು ಹಬ್ಬದ ತಿನಿಸಿನ ಮಟ್ಟಕ್ಕೆ ಏರಿಸಿದ್ದು ಕೊಡಗಿನ ಹೆಂಗಸರ ಕೈಚಳಕ. ಪಂದಿಕರಿಗೆ ಕಪ್ಪು ಬಣ್ಣ ಮತ್ತು ಹುಳಿಯನ್ನು ಕೊಡುವ ಕಾಚಂಪುಳಿಯೂ ಮಳೆಗಾಲದ್ದೇ. ಉಪ್ಪಾಗೆಯ ಜಾತಿಯ ಹಣ್ಣುಗಳನ್ನು ಕೊಳೆಯಲು ಬಿಟ್ಟು, ಒಸರಿದ ರಸವನ್ನು ಗಂಟೆಗಟ್ಟಲೆ ಕಾಯಿಸಿ, ಗಟ್ಟಿಯಾದ ಮೇಲೆ ತುಂಬಿಡುತ್ತಾರೆ. ವರ್ಷಗಟ್ಟಲೆ ಕೆಡದ ಈ ಹುಳಿ, ಒಣಗದ ಹವೆಯಲ್ಲಿ ಮಾಂಸವನ್ನು ಕೆಲವು ದಿನ ಉಳಿಸಿಕೊಳ್ಳಲು ನೆರವಾಗುತ್ತಿತ್ತು.

1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಕೈಲ್‌ಪೊಳ್ದಿನ ಬೇಟೆಯನ್ನು ಕೊನೆಗೊಳಿಸಿತು. ಕೋವಿ ಮಾತ್ರ ಉಳಿಯಿತು. ಬ್ರಿಟಿಷರ ಕಾಲದಲ್ಲಿ, 1861ರಲ್ಲಿ ದೊರೆತ ಶಸ್ತ್ರ ಪರವಾನಗಿ ವಿನಾಯಿತಿಯನ್ನು ಕೇಂದ್ರ ಸರ್ಕಾರವು 2019ರಲ್ಲಿ ಮತ್ತೆ ಹತ್ತು ವರ್ಷ ಮುಂದುವರಿಸಿದೆ. ಮರದ ತುದಿಗೆ ಕಟ್ಟಿದ ತೆಂಗಿನಕಾಯಿಗೆ ಗುರಿಯಿಡುವ ಸ್ಪರ್ಧೆಯು ಇಂದು ಹಬ್ಬದ ಮುಖ್ಯ ವಿನೋದ. ಹಂದಿಮಾಂಸವು ಕಾಡಿನಿಂದಲ್ಲ, ಸಾಕಣೆಯಿಂದ ಬರುತ್ತದೆ.

ಅಕ್ಟೋಬರ್ ಮಧ್ಯದ ತುಲಾ ಸಂಕ್ರಮಣಕ್ಕೆ ಬಂದರೆ ಅಡುಗೆಮನೆಯ ಸ್ವರವೇ ಬದಲಾಗುತ್ತದೆ. ಸೂರ್ಯನು ತುಲಾರಾಶಿಯನ್ನು ಪ್ರವೇಶಿಸುವ ಗಳಿಗೆಯಲ್ಲಿ ತಲಕಾವೇರಿಯ ಕುಂಡಿಕೆಯಲ್ಲಿ ತೀರ್ಥೋದ್ಭವವಾಗುತ್ತದೆಂಬ ನಂಬಿಕೆಯಿಂದ ಸಾವಿರಾರು ಜನ ಅಲ್ಲಿಗೆ ತೆರಳುತ್ತಾರೆ. ಹಲವರು ಭಾಗಮಂಡಲದ ಸಂಗಮದಲ್ಲಿ ಮಿಂದು ಬೆಟ್ಟವೇರುತ್ತಾರೆ. ಯಾತ್ರೆಯ ಈ ಭಾಗ ಎಲ್ಲರಿಗೂ ತಿಳಿದದ್ದೇ. ಮನೆಯೊಳಗಿನ ಆಚರಣೆ ಅಷ್ಟು ಪರಿಚಿತವಲ್ಲ. ಸಂಕ್ರಮಣಕ್ಕೆ ಮುಂಚೆ ಕಡ್ಡಿಗೆ ಕಾಡುಬಳ್ಳಿಯನ್ನು ಸುತ್ತಿ ಮಾಡಿದ ‘ಬೊತ್ತ್’ಗಳನ್ನು ಗದ್ದೆಯಲ್ಲಿ ನೆಡುತ್ತಾರೆ. ಮರುದಿನ ನಸುಕಿನಲ್ಲಿ ಸೌತೆಕಾಯಿಗೋ ತೆಂಗಿನಕಾಯಿಗೋ ಕೆಂಪು ರೇಷ್ಮೆ ಉಡಿಸಿ, ಒಡವೆ ತೊಡಿಸಿ, ಕಾವೇರಿಯೆಂದು ಭಾವಿಸಿ ಮುತ್ತೈದೆಯರು ಕಣಿಪೂಜೆ ಮಾಡುತ್ತಾರೆ. ಅಂದು ಮಾಂಸವಿಲ್ಲ. ದೋಸೆ, ಕುಂಬಳಕಾಯಿಯ ಪಲ್ಯ. ಹಂದಿಮಾಂಸವಿಲ್ಲದೆ ಕೊಡಗಿನ ಹಬ್ಬವಿಲ್ಲವೆಂಬ ಜನಪ್ರಿಯ ಕಲ್ಪನೆಗೆ ಇದು ನೇರ ಉತ್ತರ. ಪೈರು ಹೊಡೆತುಂಬುವ ಈ ಹೊತ್ತಿನಲ್ಲಿ ಗದ್ದೆಯನ್ನು ಗರ್ಭಿಣಿಯಂತೆ ಕಾಣುವ ಮನೋಭಾವವು ಕೊಡಗಿಗೇ ಸೀಮಿತವಲ್ಲ, ಮಲೆನಾಡಿನ ಭೂಮಿ ಹುಣ್ಣಿಮೆಯೂ ಹೆಚ್ಚುಕಡಿಮೆ ಇದೇ ಋತುವಿನದು.

ವರ್ಷಚಕ್ರವು ಪೂರ್ಣಗೊಳ್ಳುವುದು ಪುತ್ತರಿಯಲ್ಲಿ, ಅಂದರೆ ‘ಪುದಿಯ ಅರಿ’, ಹೊಸ ಅಕ್ಕಿಯ ಹಬ್ಬದಲ್ಲಿ. ನವೆಂಬರ್–ಡಿಸೆಂಬರ್‌ನ ಹುಣ್ಣಿಮೆಯ ಆಸುಪಾಸಿನಲ್ಲಿ, ರೋಹಿಣಿ ನಕ್ಷತ್ರವನ್ನು ನೋಡಿ, ಕಕ್ಕಬ್ಬೆ ಬಳಿಯ ಪಾಡಿ ಇಗ್ಗುತ್ತಪ್ಪ ದೇವಾಲಯದಲ್ಲಿ ಅಮ್ಮಂಗೇರಿಯ ಜ್ಯೋತಿಷ್ಯರು ಮುಹೂರ್ತವನ್ನು ನಿಶ್ಚಯಿಸುತ್ತಾರೆ. ಅಶ್ವತ್ಥ, ಮಾವು ಮೊದಲಾದ ಐದು ಮರಗಳ ಎಲೆಗಳನ್ನು ಕಟ್ಟುವ ‘ನೆರೆ ಕಟ್ಟುವ’ ಕ್ರಮ, ದುಡಿಕೊಟ್ಟಿನ ನಾದದೊಂದಿಗೆ ರಾತ್ರಿ ಗದ್ದೆಗೆ ಮೆರವಣಿಗೆ, ಕೋವಿಯ ಸದ್ದು, ಕದಿರು ಕೊಯ್ಯುವಾಗ ‘ಪೊಲಿ ಪೊಲಿ ದೇವಾ’ ಎಂಬ ಸಮೃದ್ಧಿಯ ಕೂಗು ಇವೆಲ್ಲವೂ ವಿಸ್ತಾರವಾಗಿ ವರ್ಣಿತವಾಗಿವೆ. ಬಳಿಕ ತಂಬುಟ್ಟು: ಹುರಿದ ಅಕ್ಕಿಯ ಹಿಟ್ಟನ್ನು ಕಳಿತ ಬಾಳೆಹಣ್ಣಿನೊಂದಿಗೆ ಕಲಸಿ, ತುಪ್ಪ, ಎಳ್ಳು, ತೆಂಗಿನ ತುರಿ ಬೆರೆಸಿ ತಿನ್ನುವ ಸಿಹಿ. ಜತೆಗೆ ನೆಲದಿಂದ ಅಗೆದ ಪುತ್ತರಿ ಗೆಣಸು, ಹೊಸ ಅಕ್ಕಿಯ ಪಾಯಸ. ನಂತರದ ದಿನಗಳಲ್ಲಿ ಊರುಮಂದ್, ನಾಡ್‌ಮಂದ್‌ಗಳಲ್ಲಿ ಕೋಲಾಟ. ಕಕ್ಕಡದಲ್ಲಿ ಕಾಡಿನಿಂದ ಆರಿಸಿ ತಂದು ಉಂಡ ಮನೆಯು ಪುತ್ತರಿಯಲ್ಲಿ ತನ್ನದೇ ಕಣಜದಿಂದ ಉಣ್ಣುತ್ತದೆ. ಇವೆರಡರ ನಡುವಿನ ಅಂತರವೇ ಈ ಹಬ್ಬದ ಅರ್ಥ.

ಈ ಪಂಚಾಂಗಕ್ಕೆ ಪ್ರತಿಸ್ಪರ್ಧಿಯಾಗಿ ಬಂದದ್ದು ಕಾಫಿ. 1834ರಲ್ಲಿ ಕೊಡಗು ಕಂಪನಿ ಸರ್ಕಾರದ ವಶವಾದ ಬಳಿಕ, 1854ರಲ್ಲಿ ಮಡಿಕೇರಿಯ ಬಳಿ ಯುರೋಪಿಯನ್ನರ ಮೊದಲ ಕಾಫಿ ತೋಟ ಆರಂಭವಾಯಿತು. ಜಮ್ಮಾ ಹಿಡುವಳಿಯಲ್ಲಿ ಗದ್ದೆಯೊಡನೆ ‘ಬಾಣೆ’ ಜಮೀನು ಸೇರಿಕೊಂಡಿತ್ತು. ಗದ್ದೆಗೆ ಸೊಪ್ಪು, ಮನೆಗೆ ಸೌದೆ, ದನಗಳಿಗೆ ಮೇವು ಒದಗಿಸುವುದು ಬಾಣೆಯ ಉದ್ದೇಶ. ಕಾಲಕ್ರಮದಲ್ಲಿ ಬಾಣೆಯೇ ಕಾಫಿ ತೋಟವಾಯಿತು. ಗದ್ದೆಗಾಗಿ ಇದ್ದ ಬಾಣೆ ಮುಖ್ಯವಾಗಿ, ಗದ್ದೆ ಅದರ ಬಾಲವಾಯಿತು. ಅರೇಬಿಕಾ ಕೊಯ್ಲು ನವೆಂಬರ್‌ನಿಂದ ಜನವರಿಯವರೆಗೆ, ರೊಬಸ್ಟಾ ಅದರ ಹಿಂದೆಯೇ ಮಾರ್ಚ್‌ವರೆಗೆ. ಭತ್ತದ ಕೊಯ್ಲು ಮತ್ತು ಪುತ್ತರಿ ಬೀಳುವುದೂ ಇದೇ ಕಾಲದಲ್ಲಿ. ಆಳುಗಳಿಗಾಗಿ ಎರಡು ಬೆಳೆಗಳು ಪೈಪೋಟಿಗಿಳಿದಾಗ ಗೆಲ್ಲುವುದು ಯಾವುದೆಂದು ಹೇಳಬೇಕಾಗಿಲ್ಲ. ಆನೆಗಳ ಹಾವಳಿ, 2018ರ ಆಗಸ್ಟ್‌ನ ಭೂಕುಸಿತಗಳಲ್ಲಿ ಕಣಿವೆಯ ಗದ್ದೆಗಳ ಮೇಲೆ ಬಿದ್ದ ಮಣ್ಣು ಉಳಿದವರ ಉತ್ಸಾಹವನ್ನೂ ಕುಗ್ಗಿಸಿದವು.

ಕಾಫಿಯ ಪಂಚಾಂಗಕ್ಕೂ ತನ್ನದೇ ಹಬ್ಬ ಹುಟ್ಟಿದೆ ಎಂಬುದು ನನ್ನ ಅಭಿಪ್ರಾಯ. 1997ರಲ್ಲಿ ಕರಡದಲ್ಲಿ ಪಾಂಡಂಡ ಕುಟ್ಟಪ್ಪನವರು ಆರಂಭಿಸಿದ ಕೊಡವ ಕೌಟುಂಬಿಕ ಹಾಕಿ ಉತ್ಸವವು 60 ಕುಟುಂಬಗಳಿಂದ ಮೊದಲಾಗಿ, 2024ರಲ್ಲಿ ನಾಪೋಕ್ಲುವಿನಲ್ಲಿ 360 ಕುಟುಂಬಗಳ ತಂಡಗಳವರೆಗೆ ಬೆಳೆಯಿತು. ಅದು ನಡೆಯುವುದು ಏಪ್ರಿಲ್ ಆಸುಪಾಸಿನಲ್ಲಿ. ಕಾಫಿ ಕೊಯ್ಲು ಮುಗಿದಿರುತ್ತದೆ, ಶಾಲೆಗಳಿಗೆ ರಜೆ, ಬೆಂಗಳೂರು–ಮೈಸೂರುಗಳಲ್ಲಿರುವವರು ಊರಿಗೆ ಬಂದಿರುತ್ತಾರೆ. ಒಕ್ಕಕ್ಕೊಂದು ತಂಡ ಎಂಬ ಕಲ್ಪನೆಯಲ್ಲಿ ಗದ್ದೆಯ ಕಾಲದ ಒಕ್ಕವೇ ಇದೆ, ಗದ್ದೆಯಿಲ್ಲ.

ಇದುವರೆಗಿನ ವಿವರಣೆ ಬಹುಪಾಲು ಭೂಮಿಯುಳ್ಳವರ ದೃಷ್ಟಿಯದು. ಇದೇ ಹಬ್ಬಗಳನ್ನು ಅರೆಭಾಷೆ ಗೌಡರು, ಹೆಗ್ಗಡೆ, ಐರಿ ಮುಂತಾದ ಸಮುದಾಯಗಳೂ ತಮ್ಮದೇ ರೀತಿಯಲ್ಲಿ ಆಚರಿಸುತ್ತವೆ. ಕೆಸರಿನಲ್ಲಿ ಹೆಚ್ಚು ಹೊತ್ತು ನಿಂತವರೆಂದರೆ ಯರವ ಮುಂತಾದ ದುಡಿಯುವ ಸಮುದಾಯಗಳವರು. ಅವರ ವರ್ಷಚಕ್ರದಲ್ಲಿ ಬೇರೊಂದು ದಿನವಿದೆ. ಮೇ ತಿಂಗಳ ಕೊನೆಯ ಭಾಗದಲ್ಲಿ, ಮಳೆ ಹಿಡಿದು ದುಡಿಮೆ ಬಿಗಿಯುವ ಮುನ್ನ, ತಿತಿಮತಿ ಸಮೀಪದ ದೇವರಪುರದಲ್ಲಿ ನಡೆಯುವ ಬೇಡು ಹಬ್ಬ ಅಥವಾ ಕುಂಡೆ ಹಬ್ಬ. ಜೇನುಕುರುಬ, ಬೆಟ್ಟಕುರುಬ, ಯರವ ಜನರು ವಿಚಿತ್ರ ವೇಷ ತೊಟ್ಟು, ಗಂಡಸರು ಹೆಣ್ಣುಡುಗೆ ಧರಿಸಿ, ಡಬ್ಬ–ಬುರುಡೆ ಬಡಿಯುತ್ತ, ಎದುರಾದವರನ್ನೆಲ್ಲ ಬೈದು ಕಾಸು ಬೇಡುತ್ತ ದೇವಾಲಯಕ್ಕೆ ಬರುತ್ತಾರೆ. ತಮ್ಮನ್ನು ಬೇಟೆಗೆ ಕರೆದೊಯ್ದ ಅಯ್ಯಪ್ಪನು ಭದ್ರಕಾಳಿಯ ಮೋಹಕ್ಕೆ ಸಿಲುಕಿ ನಡುಕಾಡಿನಲ್ಲಿ ಕೈಬಿಟ್ಟನೆಂಬುದು ಈ ಬೈಗುಳಕ್ಕೆ ಹೇಳುವ ಐತಿಹ್ಯ. ಕೈಲ್‌ಪೊಳ್ದಿನ ಬೇಟೆಯಲ್ಲಿ ನಾಯಿಗೂ ಪಾಲಿತ್ತೆಂಬುದನ್ನು ಇದರ ಪಕ್ಕದಲ್ಲಿಟ್ಟು ನೋಡಿದರೆ, ಬೇಟೆಯ ನಡುವೆ ಕೈಬಿಡಲ್ಪಟ್ಟವರ ಈ ಕಥೆ ದೇವರನ್ನು ಕುರಿತದ್ದಷ್ಟೇ ಅಲ್ಲವೆಂದು ತೋರುತ್ತದೆ. ಸಂಜೆಗೆ ತಪ್ಪುಕಾಣಿಕೆ ಒಪ್ಪಿಸಿ ಹಿಂದಿರುಗುತ್ತಾರೆ. ಮುಂದಿನ ವಾರಗಳಲ್ಲಿ ಸಸಿಮಡಿಯ ಕೆಲಸ.

ಪ್ರವಾಸೋದ್ಯಮವು ಈ ಇಡೀ ಚಕ್ರದಿಂದ ಆರಿಸಿಕೊಂಡದ್ದು ಒಂದೇ ಜೋಡಿಯನ್ನು. ಕಡಂಬುಟ್ಟು–ಪಂದಿಕರಿ ಇಂದು ಹೋಂಸ್ಟೇ, ಹೋಟೆಲುಗಳಲ್ಲಿ ವರ್ಷದ ಎಲ್ಲ ದಿನವೂ ದೊರೆಯುತ್ತದೆ. ಕಾಚಂಪುಳಿ ಶೀಶೆಗಳಲ್ಲಿ ಮಾರಾಟವಾಗುತ್ತದೆ. ಮದ್ದ್‌ಪಾಯಸ, ಸಂಕ್ರಮಣದ ಕುಂಬಳಕಾಯಿ, ಪುತ್ತರಿಯ ಗೆಣಸು ಮನೆಯೊಳಗೇ ಉಳಿದಿವೆ. ದಿನವನ್ನು ಕಳಚಿಕೊಂಡರೆ ಅವುಗಳಿಗೆ ರುಚಿಯಿಲ್ಲವೆಂಬುದೇ ಇದಕ್ಕೆ ಕಾರಣವಿರಬೇಕು. ಗದ್ದೆಯನ್ನು ಬಿಟ್ಟುಬಿಟ್ಟ ಮನೆಗಳೂ ಪುತ್ತರಿಯನ್ನು ಬಿಟ್ಟಿಲ್ಲ. ನೆರೆಯವರ ಗದ್ದೆಯಲ್ಲೋ ದೇವಸ್ಥಾನದ ಗದ್ದೆಯಲ್ಲೋ ಸಾಮೂಹಿಕವಾಗಿ ಕದಿರು ಕೊಯ್ಯುತ್ತಾರೆ, ನಗರಗಳ ಕೊಡವ ಸಮಾಜಗಳಲ್ಲಿಯೂ ಹಬ್ಬ ನಡೆಯುತ್ತದೆ. ಬೆಸಸಂಖ್ಯೆಯಲ್ಲಿ ಕೊಯ್ದ ತೆನೆಗಳನ್ನು ಹಂಚಿಕೊಂಡು, ನೆರೆಯೊಂದಿಗೆ ಕಟ್ಟಿ, ಮನೆಯ ಕಂಬಕ್ಕೆ ಬಿಗಿಯುತ್ತಾರೆ. ಆ ಕಂಬದ ಹಿಂದಿನ ಕಣಜ ಹಲವು ಮನೆಗಳಲ್ಲಿ ಈಗ ಕಾಫಿ ಮೂಟೆಗಳ ಕೋಣೆ.