ಡೇಟಾ ಸೆಂಟರಿನಿಂದ ಕ್ಲೌಡ್‌ಗೆ ಸ್ವಂತ ದಾರಿ

ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ 1985ರಲ್ಲಿ ಬೆಂಗಳೂರಿನಲ್ಲಿ ಕಚೇರಿ ತೆರೆದಾಗ ಇಲ್ಲಿನ ಟೆಲಿಫೋನ್ ಲೈನುಗಳನ್ನು ನೆಚ್ಚಿಕೊಂಡು ಚಿಪ್ ವಿನ್ಯಾಸ ಮಾಡುವಂತಿರಲಿಲ್ಲ. ಅದಕ್ಕೆಂದೇ ಕಂಪನಿ ತನ್ನದೇ ಉಪಗ್ರಹ ಸಂಪರ್ಕ ಹಾಕಿಸಿಕೊಂಡಿತು. 1991ರಲ್ಲಿ ಶುರುವಾದ ಸರ್ಕಾರಿ ಸಾಫ್ಟ್‌ವೇರ್ ಪಾರ್ಕ್ ಸಂಸ್ಥೆ ಎಸ್‌ಟಿಪಿಐ ಅಂಥ ಸೌಲಭ್ಯವನ್ನು ಸಣ್ಣ ಸಾಫ್ಟ್‌ವೇರ್ ಕಂಪನಿಗಳ ಕೈಗೂ ಎಟುಕಿಸಿತು. ಆಗ ಸೆಕೆಂಡಿಗೆ 64 ಕಿಲೋಬಿಟ್‌ನ ಬಾಡಿಗೆ ಲೈನ್ ಸಿಕ್ಕರೆ ಅದೇ ದೊಡ್ಡದು. ಇವತ್ತು ಡೇಟಾ ಸೆಂಟರಿನಿಂದ ಕ್ಲೌಡ್‌ಗೆ ಎಳೆಯುವ 10 ಗಿಗಾಬಿಟ್ ಲೈನ್ ಅದಕ್ಕಿಂತ ಒಂದೂವರೆ ಲಕ್ಷ ಪಟ್ಟು ವೇಗದ್ದು. ಬೇಡಿಕೆ ಮಾತ್ರ ಬದಲಾಗಿಲ್ಲ: ದಾರಿಯಲ್ಲಿ ಬೇರೆಯವರ ನೂಕುನುಗ್ಗಲು ಇರಬಾರದು, ಇವತ್ತು ಹಿಡಿದಷ್ಟೇ ಹೊತ್ತು ನಾಳೆಯೂ ಹಿಡಿಯಬೇಕು.

ಲೀಸ್ಡ್ ಲೈನ್ ಹಳೆಯ ವ್ಯವಸ್ಥೆ. ಅಮೆರಿಕದ ಬೆಲ್ ಕಂಪನಿ 1962ರಲ್ಲಿ 1.544 ಮೆಗಾಬಿಟ್‌ನ ಟಿ1 ತಂದಿತು. ಯುರೋಪಿನಲ್ಲೂ ನಮ್ಮಲ್ಲೂ ರೂಢಿಯಾದದ್ದು 2.048 ಮೆಗಾಬಿಟ್‌ನ ಇ1. ಎರಡು ಕಚೇರಿಗಳಿಗೆ ಒಂದು ಲೈನ್ ಸಾಕು, ಆದರೆ ಹತ್ತು ಶಾಖೆಗಳನ್ನು ಒಂದಕ್ಕೊಂದು ನೇರವಾಗಿ ಜೋಡಿಸಲು 45 ಲೈನ್ ಬೇಕು. ಆ ಖರ್ಚನ್ನು ಇಳಿಸಿದ್ದು 1999ರ ಹೊತ್ತಿಗೆ ರೂಪುಗೊಂಡ ಎಂಪಿಎಲ್‌ಎಸ್ ವಿಪಿಎನ್. ಟೆಲಿಕಾಂ ಕಂಪನಿಯ ಒಂದೇ ಜಾಲದಲ್ಲಿ ಪ್ರತಿ ಗ್ರಾಹಕನ ದಟ್ಟಣೆಯನ್ನೂ ಬೇರೆಬೇರೆಯಾಗಿ ಒಯ್ಯುವ ಈ ವಿಧಾನ ಬ್ಯಾಂಕ್ ಶಾಖೆಗಳಿಗೆ ಹೇಳಿ ಮಾಡಿಸಿದಂತಿತ್ತು.

ಅಮೆಜಾನ್ 2006ರಲ್ಲಿ ಎಸ್3 ಸಂಗ್ರಹಣೆ, ಇಸಿ2 ಕಂಪ್ಯೂಟರ್ ಸೇವೆಗಳನ್ನು ಬಾಡಿಗೆಗೆ ಕೊಡಲು ಶುರುಮಾಡಿದಾಗ ಅವುಗಳಿಗಿದ್ದ ದಾರಿ ಸಾರ್ವಜನಿಕ ಇಂಟರ್ನೆಟ್ ಒಂದೇ. 2009ರಲ್ಲಿ ಕ್ಲೌಡ್‌ನೊಳಗೆ ಗ್ರಾಹಕನಿಗೇ ಮೀಸಲಾದ ಜಾಲ, ವಿಪಿಸಿ, ಬಂತು. ಗ್ರಾಹಕರು ಐಪಿಸೆಕ್ ಎಂಬ ಗೂಢಲಿಪಿ ಸುರಂಗದ ಮೂಲಕ ತಮ್ಮ ಜಾಲವನ್ನು ಕ್ಲೌಡ್‌ಗೆ ಸೇರಿಸಿಕೊಳ್ಳುವಂತಾಯಿತು. ಗೋಪ್ಯತೆ ಸಿಕ್ಕಿತು, ಸಮಯದ ಭರವಸೆ ಸಿಗಲಿಲ್ಲ. ಬೆಳಿಗ್ಗೆ ಸರಾಗವಾಗಿ ಹೋಗುವ ಮಾಹಿತಿ ಸಂಜೆ ತಡವರಿಸುತ್ತಿತ್ತು. 2011ರ ಆಗಸ್ಟ್‌ನಲ್ಲಿ ಅಮೆಜಾನ್ ಸ್ವಂತ ಲೈನಿನಲ್ಲಿ ಕ್ಲೌಡ್‌ಗೆ ಸೇರಿಸುವ ಡೈರೆಕ್ಟ್ ಕನೆಕ್ಟ್ ಘೋಷಿಸಿ, ವರ್ಜೀನಿಯಾದ ಆಶ್‌ಬರ್ನ್‌ನಲ್ಲಿರುವ ಈಕ್ವಿನಿಕ್ಸ್ ಡೇಟಾ ಸೆಂಟರಿನಲ್ಲಿ ಮೊದಲ ಜೋಡಣೆಗೆ ಅವಕಾಶ ಕೊಟ್ಟಿತು. ಆಗ ಇದ್ದ ಪೋರ್ಟುಗಳು ಎರಡೇ ಬಗೆ, 1 ಗಿಗಾಬಿಟ್ ಮತ್ತು 10 ಗಿಗಾಬಿಟ್.

ಕ್ಲೌಡ್ ಎಂಬ ಹೆಸರು ಕೇಳಿ ಎಲ್ಲವೂ ಪರದೆಯ ಮೇಲೇ ಮುಗಿಯುತ್ತದೆ ಎಂದುಕೊಂಡವರು ಈ ಕೆಲಸವನ್ನು ಹತ್ತಿರದಿಂದ ನೋಡಬೇಕು. ಕ್ಲೌಡ್ ಕಂಪನಿ ನಮ್ಮ ಕಚೇರಿಗೆ ಬರುವುದಿಲ್ಲ. ಇಬ್ಬರೂ ಕೂಡುವುದು ಮೂರನೆಯವರ ಕಟ್ಟಡದಲ್ಲಿ. ಅರ್ಜಿ ಹಾಕಿದ ಮೇಲೆ ಕ್ಲೌಡ್ ಕಂಪನಿಯಿಂದ ಒಂದು ಅನುಮತಿ ಪತ್ರ ಬರುತ್ತದೆ. ಯಾವ ರ‍್ಯಾಕ್, ಯಾವ ಪ್ಯಾಚ್ ಪ್ಯಾನೆಲ್, ಯಾವ ಪೋರ್ಟ್ ಎಂಬುದೆಲ್ಲ ಅದರಲ್ಲಿರುತ್ತದೆ. ಅದನ್ನು ತೋರಿಸಿದರೆ ಕಟ್ಟಡದವರು ನಮ್ಮ ರ‍್ಯಾಕಿನಿಂದ ಅಲ್ಲಿಗೆ ಸಿಂಗಲ್ ಮೋಡ್ ಫೈಬರ್ ಎಳೆಯುತ್ತಾರೆ. ಇದಕ್ಕೆ ಕ್ರಾಸ್ ಕನೆಕ್ಟ್ ಎನ್ನುತ್ತಾರೆ. ಎಲ್ಲ ಸರಿಯಾಗಿ ಜೋಡಿಸಿಯೂ ಪೋರ್ಟಿನ ದೀಪ ಹೊತ್ತದಿದ್ದರೆ ಮೊದಲು ನೋಡಬೇಕಾದದ್ದು ಕಳಿಸುವ ಎಳೆ, ಪಡೆಯುವ ಎಳೆ ಅದಲುಬದಲಾಗಿದೆಯೇ ಎಂದು. ಎಷ್ಟೋ ಸಲ ಆ ಎರಡು ತುದಿ ಬದಲಿಸಿದರೆ ಸಾಕು, ಲೈನ್ ಬಂದುಬಿಡುತ್ತದೆ. ಆಮೇಲೆ ವಿಲ್ಯಾನ್ ಸಂಖ್ಯೆ ಕೊಟ್ಟು, ಎರಡೂ ಕಡೆಯ ರೌಟರುಗಳ ನಡುವೆ ಮಾರ್ಗಗಳನ್ನು ಪರಸ್ಪರ ತಿಳಿಸುವ ಬಿಜಿಪಿ ಮಾತುಕತೆ ಶುರುಮಾಡಿಸಬೇಕು. ಇಲ್ಲೊಂದು ಕಟ್ಟುನಿಟ್ಟಿನ ಮಿತಿ ಇದೆ. ಅಮೆಜಾನ್‌ನ ಖಾಸಗಿ ಸಂಪರ್ಕದಲ್ಲಿ ನಮ್ಮ ಕಡೆಯಿಂದ ಸಾರುವ ಐಪಿವಿ4 ಮಾರ್ಗಗಳು 100 ದಾಟಿದರೆ ಬಿಜಿಪಿ ಸೆಷನ್ನೇ ಕೆಳಗೆ ಬೀಳುತ್ತದೆ. ಸಣ್ಣ ಸಣ್ಣ ವಿಳಾಸ ಗುಂಪುಗಳನ್ನು ಒಗ್ಗೂಡಿಸದೆ ಹಾಗೇ ಬಿಟ್ಟ ಜಾಲಗಳು ಮುಗ್ಗರಿಸುವುದು ಇಲ್ಲೇ.

ಮೈಕ್ರೋಸಾಫ್ಟ್‌ನ ಎಕ್ಸ್‌ಪ್ರೆಸ್‌ರೂಟ್ 2014ರಲ್ಲಿ, ಗೂಗಲ್‌ನ ಡೆಡಿಕೇಟೆಡ್ ಇಂಟರ್‌ಕನೆಕ್ಟ್ 2017ರಲ್ಲಿ ಬಂದವು. ತತ್ವ ಒಂದೇ, ಆದರೆ ಮೈಕ್ರೋಸಾಫ್ಟ್ ಪ್ರತಿ ಸರ್ಕ್ಯೂಟಿನಲ್ಲೂ ಎರಡು ರೌಟರುಗಳಿಗೆ ಎರಡು ಜೋಡಣೆಗಳನ್ನು ಮೊದಲಿನಿಂದಲೇ ಸೇರಿಸಿತು. ಇದು ಒಳ್ಳೆಯ ನಿರ್ಧಾರ ಎಂದೇ ನನ್ನ ಅಭಿಪ್ರಾಯ. ಎರಡನೆಯ ಲೈನನ್ನು ಗ್ರಾಹಕನ ಇಷ್ಟಕ್ಕೆ ಬಿಟ್ಟರೆ ಬಜೆಟ್ ಸಭೆಯಲ್ಲಿ ಮೊದಲು ಕತ್ತರಿ ಬೀಳುವುದು ಅದಕ್ಕೇ. ಇಡೀ ಪೋರ್ಟ್ ಕೊಳ್ಳಲಾಗದವರಿಗೆ 50 ಮೆಗಾಬಿಟ್‌ನಿಂದ ಶುರುವಾಗುವ ಪಾಲನ್ನು ಮಧ್ಯವರ್ತಿ ಕಂಪನಿಗಳು ಕೊಡತೊಡಗಿದವು. ಆಸ್ಟ್ರೇಲಿಯಾದಲ್ಲಿ 2013ರಲ್ಲಿ ಹುಟ್ಟಿದ ಮೆಗಾಪೋರ್ಟ್‌ನಂಥವು ಇದನ್ನು ಇನ್ನೂ ಸಲೀಸು ಮಾಡಿದವು: ಒಮ್ಮೆ ಅವರ ಜಾಲಕ್ಕೆ ಸೇರಿದರೆ ಯಾವ ಕ್ಲೌಡ್‌ಗಾದರೂ ಸಂಪರ್ಕವನ್ನು ಕೂತಲ್ಲಿಂದಲೇ ಹುಟ್ಟಿಸಬಹುದು. 2019ರಲ್ಲಿ ಮೈಕ್ರೋಸಾಫ್ಟ್ ಮತ್ತು ಒರಾಕಲ್ ತಮ್ಮ ಕ್ಲೌಡ್‌ಗಳನ್ನೇ ಪರಸ್ಪರ ಜೋಡಿಸಿಕೊಂಡವು.

ಭಾರತದಲ್ಲಿ ಈ ಲೈನುಗಳಿಗೆ ನಿಜವಾದ ಬೆಲೆ ಬಂದದ್ದು ಕ್ಲೌಡ್ ಕೇಂದ್ರಗಳು ಇಲ್ಲೇ ನೆಲೆಗೊಂಡ ಮೇಲೆ. ಮೈಕ್ರೋಸಾಫ್ಟ್ 2015ರಲ್ಲಿ, ಅಮೆಜಾನ್ 2016ರಲ್ಲಿ, ಗೂಗಲ್ 2017ರಲ್ಲಿ ಬಂದವು. ಅಮೆಜಾನ್, ಗೂಗಲ್ ಎರಡೂ ಮೊದಲು ನೆಲೆಯೂರಿದ್ದು ಮುಂಬೈಯಲ್ಲಿ. ಫೈಬರಿನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಹೋಗುತ್ತದೆ. ಬೆಂಗಳೂರಿನಿಂದ ಮುಂಬೈಗೆ ಫೈಬರ್ 1,000 ಕಿಲೋಮೀಟರ್ ಎಂದುಕೊಂಡರೆ ಹೋಗಿ ಬರಲು 10 ಮಿಲಿಸೆಕೆಂಡ್ ಬೇಕೇ ಬೇಕು. ಹಣ ಸುರಿದರೂ ಅದು ಇಳಿಯದು. ಬೆಂಗಳೂರಿನಲ್ಲಿರುವ ಒಂದು ತಂತ್ರಾಂಶ ಒಂದು ಪುಟ ತೋರಿಸಲು ಮುಂಬೈಯ ಡೇಟಾಬೇಸನ್ನು ಒಂದಾದ ಮೇಲೊಂದರಂತೆ 200 ಸಲ ಕೇಳಿದರೆ ಬಳಕೆದಾರ ಎರಡು ಸೆಕೆಂಡು ಕಾಯಬೇಕು. ಲೈನನ್ನು 1 ಗಿಗಾಬಿಟ್‌ನಿಂದ 10ಕ್ಕೆ ಏರಿಸಿದರೂ ಈ ಕಾಯುವಿಕೆ ಹಾಗೇ ಇರುತ್ತದೆ. ಸರಿಪಡಿಸಬೇಕಾದದ್ದು ತಂತ್ರಾಂಶವನ್ನು.

ಇನ್ನೊಂದು ತಪ್ಪು ತಿಳಿವಳಿಕೆಯೂ ದುಬಾರಿಯಾದದ್ದು. ಸ್ವಂತ ಲೈನಿನಲ್ಲಿ ಹೋಗುವ ಮಾಹಿತಿ ತಾನಾಗಿ ಗೂಢಲಿಪಿಯಾಗುವುದಿಲ್ಲ. ಅದನ್ನು ನಾವೇ ಮಾಡಬೇಕು. ಲೈನಿನ ತಳಮಟ್ಟದಲ್ಲೇ ಆ ಕೆಲಸ ಮಾಡುವ ಮ್ಯಾಕ್‌ಸೆಕ್ ಡೈರೆಕ್ಟ್ ಕನೆಕ್ಟ್‌ಗೆ ಸೇರಿದ್ದು 2021ರಲ್ಲಿ, ಅಂದರೆ ಸೇವೆ ಶುರುವಾಗಿ ಹೆಚ್ಚುಕಡಿಮೆ ಹತ್ತು ವರ್ಷವಾದ ಮೇಲೆ.

ಅದೇ 2021ರ ಸೆಪ್ಟೆಂಬರ್ 2ರಂದು ಟೋಕಿಯೊದಲ್ಲಿ ಬೆಳಿಗ್ಗೆ 7.30ರಿಂದ ಮಧ್ಯಾಹ್ನದವರೆಗೆ ಡೈರೆಕ್ಟ್ ಕನೆಕ್ಟ್ ಕುಂಟಿತು. ಜಪಾನಿನ ಬ್ಯಾಂಕುಗಳು, ವಿಮಾನ ಸಂಸ್ಥೆಗಳು ತೊಂದರೆಗೆ ಸಿಕ್ಕವು. ಜೋಡಣಾ ಕೇಂದ್ರಗಳಿಗೂ ಅಮೆಜಾನ್‌ನ ಡೇಟಾ ಸೆಂಟರುಗಳಿಗೂ ನಡುವೆ ಇದ್ದ ಒಂದು ಪದರದ ಕೆಲವು ಉಪಕರಣಗಳು ಕೆಟ್ಟಿದ್ದವು. ಫೈಬರ್ ತುಂಡಾದರೆ ಬೇಗ ಚೇತರಿಸಿಕೊಳ್ಳಲೆಂದು ತಂದಿದ್ದ ಹೊಸ ಪ್ರೋಟೊಕಾಲ್, ಉಪಕರಣದ ತಂತ್ರಾಂಶದಲ್ಲಿ ಅಡಗಿದ್ದ ದೋಷವನ್ನು ಹೊರಗೆಳೆದಿತ್ತು. ಎರಡು ಲೈನ್ ಇಟ್ಟುಕೊಂಡವರೂ ಆ ಪದರವನ್ನು ಹಾದೇ ಹೋಗಬೇಕಿತ್ತು. ಇಂಟರ್ನೆಟ್ ಮೇಲಿನ ವಿಪಿಎನ್ ಅಂದು ಬಾಧೆಗೊಳಗಾಗಲಿಲ್ಲ.

ಬೆಂಗಳೂರಿನಲ್ಲಿ ಇದೇ ತೊಂದರೆ ನೆಲದಡಿ ಇರುತ್ತದೆ. ಎರಡು ಬೇರೆ ಟೆಲಿಕಾಂ ಕಂಪನಿಗಳಿಂದ ಲೈನ್ ಕೊಂಡರೂ ಅವರಿಬ್ಬರ ಫೈಬರ್ ಒಂದೇ ಡಕ್ಟಿನಲ್ಲಿ ಹಾದುಹೋಗಿರಬಹುದು. ರಸ್ತೆ ಅಗೆಯುವ ಜೆಸಿಬಿ ಎರಡನ್ನೂ ಒಂದೇ ಏಟಿಗೆ ಕಡಿಯುತ್ತದೆ. ಹಾಗಾಗಿ ಸಹಿ ಹಾಕುವ ಮುನ್ನ ಇಬ್ಬರಿಂದಲೂ ಮಾರ್ಗದ ನಕ್ಷೆ ಕೇಳಿ ಪಡೆದು, ಒಂದರ ಮೇಲೊಂದು ಇಟ್ಟು, ಕಟ್ಟಡದೊಳಗೆ ಬರುವ ಜಾಗದವರೆಗೂ ಹೋಲಿಸಿ ನೋಡಬೇಕು. ಕಡಿಮೆ ಆದ್ಯತೆಯ ಮೂರನೆಯ ದಾರಿಯಾಗಿ ಇಂಟರ್ನೆಟ್ ವಿಪಿಎನ್ ಒಂದನ್ನು ಸಿದ್ಧವಾಗಿಡಬೇಕು. ವಹಿವಾಟು ಕಡಿಮೆ ಇರುವ ರಾತ್ರಿ ನೋಡಿ ಮುಖ್ಯ ಲೈನಿನ ಬಿಜಿಪಿಯನ್ನು ಬೇಕೆಂದೇ ಇಳಿಸಿ, ದಟ್ಟಣೆ ನಿಜವಾಗಿಯೂ ಇನ್ನೊಂದು ಕಡೆ ಹೊರಳುತ್ತದೆಯೇ ಎಂದು ಪರೀಕ್ಷಿಸಬೇಕು. ಇದಕ್ಕೆಂದೇ ಡೈರೆಕ್ಟ್ ಕನೆಕ್ಟ್‌ನಲ್ಲಿ ಪ್ರತ್ಯೇಕ ಸೌಲಭ್ಯವೂ ಇದೆ.